ಮೂರು ಬೆರಳಗಲದ ಮಡಿಕೆ

ಮೇ ತಿಂಗಳ ಕೊನೆಯ ಭಾನುವಾರ. ಮಗಳ ಶಾಲೆಯವರು ಸೂಚಿಸಿದ್ದ ಒಂದೇ ಒಂದು ಅಂಗಡಿಯ ಮುಂದೆ ಒಂದೂವರೆ ಗಂಟೆ ಸಾಲಿನಲ್ಲಿ ನಿಂತೆ. ಎರಡು ಜೊತೆ ಅಂಗಿ, ಎರಡು ನೀಲಿ ಲಂಗ, ಒಂದು ಟೈ, ಶನಿವಾರಕ್ಕೆಂದು ಬೇರೆ ಬಣ್ಣದ ಟೀ ಶರ್ಟು, ಎಲ್ಲವನ್ನೂ ಕಟ್ಟಿಸಿಕೊಂಡು ಮಗಳೊಂದಿಗೆ ಮೈಸೂರಿನ ಮಂಡಿ ಮೊಹಲ್ಲಾದಲ್ಲಿರುವ ಅಪ್ಪನ ಅಂಗಡಿಗೆ ಬಂದೆ. ಬಿಲ್ಲನ್ನು ಮಾತ್ರ ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಐವತ್ತು ವರ್ಷಕ್ಕೂ ಮೇಲ್ಪಟ್ಟು ಬಟ್ಟೆ ಹೊಲಿದವರ ಮುಂದೆ ಸಿದ್ಧ ಉಡುಪಿನ ಬಿಲ್ಲು ಹಿಡಿಯುವ ಧೈರ್ಯ ನನಗಿಲ್ಲ.

ಅಪ್ಪ ಬೆಲೆ ಕೇಳಲೂ ಇಲ್ಲ. ಲಂಗವನ್ನು ತಿರುವಿ, ಕೆಳಗಿನ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಪೂರ್ತಿ ಒಂದು ಸುತ್ತು ಬಂದರು.

"ಒಳಗೆ ಏನೂ ಬಿಟ್ಟೇ ಇಲ್ಲವಲ್ಲೋ."

ನಿಜ. ಅರ್ಧ ಅಂಗುಲ ಮಡಿಚಿ, ಮತ್ತೆ ಅರ್ಧ ಅಂಗುಲ ಮಡಿಚಿ ಯಂತ್ರ ಓಡಿಸಿದ್ದರು. ಅಪ್ಪನ ಅಂಗಡಿಯಲ್ಲಿ ಶಾಲೆಯ ಬಟ್ಟೆಗೆ ಮೂರು ಬೆರಳಗಲ ಮಡಿಕೆ ಬಿಡುವುದು ಕಟ್ಟಳೆ. ಗಿರಾಕಿ ಕೇಳಬೇಕಾಗಿರಲಿಲ್ಲ. ಮಗು ಬೆಳೆದಂತೆ ಒಂದೊಂದೇ ಬೆರಳು ಇಳಿಸಿಕೊಂಡು ಮೂರು ವರ್ಷ ತಳ್ಳಬಹುದಿತ್ತು. ಇಳಿಸಿದ ಜಾಗದಲ್ಲಿ ಮಾತ್ರ ಒಂದು ಗಾಢ ಗೆರೆ ಉಳಿಯುತ್ತಿತ್ತು. ಬಿಸಿಲು, ಸೋಪು ತಾಗದೆ ಒಳಗೇ ಅಡಗಿದ್ದ ಬಟ್ಟೆಯ ಮೂಲ ಬಣ್ಣ ಅದು.

ಸಮವಸ್ತ್ರ ಹಾಕಿಕೊಂಡರೆ ಬಡವ ಬಲ್ಲಿದ ಎಂಬ ಭೇದ ಕಾಣುವುದಿಲ್ಲ ಎಂದು ನಮ್ಮ ಮೇಷ್ಟರು ಹೇಳುತ್ತಿದ್ದರು. ನನಗೆ ಕಾಣುತ್ತಿತ್ತು. ಪ್ರಾರ್ಥನೆಗೆ ನಿಂತಾಗ ಮುಂದಿನ ಸಾಲಿನ ಚಡ್ಡಿ, ಲಂಗಗಳ ಅಂಚು ನೋಡಿದರೆ ಸಾಕು. ಗೆರೆಯೇ ಇಲ್ಲದವರು ಪ್ರತಿ ವರ್ಷ ಹೊಸದು ಹೊಲಿಸುವವರು. ಎರಡು ಗೆರೆಯವರಿಗೆ ಮೂರನೆಯ ವರ್ಷ. ಅಕ್ಕನದೋ ಅಣ್ಣನದೋ ಬಂದಿದ್ದರೆ ಗೆರೆ ಮಡಿಕೆಯ ಒಳಗೇ ಇರುತ್ತಿತ್ತು, ಅದಕ್ಕೆ ಕಣ್ಣು ಇನ್ನೂ ಪಳಗಿರಬೇಕು. ದರ್ಜಿಯ ಮಗನಾದ ನನ್ನ ಚಡ್ಡಿಯಲ್ಲೂ ಎರಡು ಗೆರೆಗಳಿದ್ದವು. ಶನಿವಾರದ ಬಿಳಿ ಅಂಗಿಗೆ ಅಮ್ಮ ನೀಲಿ ಹಾಕುತ್ತಿದ್ದರು, ಕ್ಯಾನ್‌ವಾಸ್ ಬೂಟಿಗೆ ನಾನು ಸೀಮೆಸುಣ್ಣ ಉಜ್ಜುತ್ತಿದ್ದೆ. ಚಡ್ಡಿಯ ಗೆರೆಗೆ ಮಾತ್ರ ಮದ್ದಿರಲಿಲ್ಲ.

ಶಾಲೆಯ ಸಮವಸ್ತ್ರದ ಹುಟ್ಟಿನಲ್ಲೇ ಈ ಗೆರೆ ಇದೆ. 1552ರಲ್ಲಿ ಲಂಡನ್ನಿನಲ್ಲಿ ದಿಕ್ಕಿಲ್ಲದ, ಬಡ ಮಕ್ಕಳಿಗಾಗಿ ಕ್ರೈಸ್ಟ್ಸ್ ಹಾಸ್ಪಿಟಲ್ ಎಂಬ ಶಾಲೆ ಆರಂಭವಾಯಿತು. ಅಲ್ಲಿನ ಮಕ್ಕಳಿಗೆ ಕೊಟ್ಟ ಉದ್ದನೆಯ ನೀಲಿ ಕೋಟು ಬೀದಿಯಲ್ಲಿ ನಡೆದರೆ ದಾನಧರ್ಮದಲ್ಲಿ ಓದುವ ಮಕ್ಕಳು ಬಂದರು ಎಂದು ತೋರಿಸುವ ಉಡುಪಾಗಿತ್ತು. ದುಡ್ಡು ಕೊಟ್ಟು ಓದುವವರ ಶಾಲೆಗಳು ಸಮವಸ್ತ್ರ ಹಿಡಿದದ್ದು ಬಹಳ ತಡವಾಗಿ. ಈಗ ನಮ್ಮಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ. ಸರ್ಕಾರಿ ಶಾಲೆಯ ಮಕ್ಕಳಿಗೆ ವಿದ್ಯಾವಿಕಾಸ ಯೋಜನೆಯಲ್ಲಿ ಬಟ್ಟೆ ಉಚಿತವಾಗಿ ಬರುತ್ತದೆ. ಖಾಸಗಿ ಶಾಲೆಯ ಮಕ್ಕಳು ಏಪ್ರಿಲ್ ಬಿಸಿಲಿನಲ್ಲೂ ಟೈ ಬಿಗಿದುಕೊಂಡು ಓಡಾಡುತ್ತಾರೆ. ಎರಡರಲ್ಲಿ ಯಾವುದು ಅನುಕೂಲ ಎಂದು ಮಕ್ಕಳನ್ನು ಯಾರೂ ಕೇಳುವುದಿಲ್ಲ ಎನ್ನುವುದು ಬೇರೆ ಮಾತು.

ಮಡಿಕೆಯ ಪಾಠವನ್ನು ಅಪ್ಪ ಕಲಿತದ್ದು ಅಶೋಕ ರಸ್ತೆಯ ಬಳಿ ಅಂಗಡಿ ಇಟ್ಟಿದ್ದ ತಮ್ಮ ಗುರುಗಳಿಂದ. ಆ ಮುದುಕರು ವಯಸ್ಸಿನಲ್ಲಿ ದರ್ಬಾರಿನ ಕೋಟು ಹೊಲಿದವರು. ಅರಮನೆಯ ದರ್ಬಾರಿಗೆ ಹೋಗಬೇಕಾದರೆ ಉದ್ದ ಕೋಟು, ಬಿಳಿ ಷರಾಯಿ, ಜರಿ ಪೇಟ ಇರಲೇಬೇಕಿತ್ತು. ದೊಡ್ಡ ಅಧಿಕಾರಿಯಾದರೂ ಬೇರೆ ವೇಷದಲ್ಲಿ ಒಳಗೆ ಹೋಗುವಂತಿರಲಿಲ್ಲ. ವರ್ಷಕ್ಕೊಮ್ಮೆ ದಸರೆಯಲ್ಲಿ ಹಾಕುವ ಕೋಟು ಸವೆಯುವುದೆಲ್ಲಿ ಬಂತು? ತಂದೆಯಿಂದ ಮಗನಿಗೆ ಇಳಿಯುತ್ತಿತ್ತು. ಅದಕ್ಕೇ ಪಕ್ಕದ ಹೊಲಿಗೆಯಲ್ಲಿ ಧಾರಾಳವಾಗಿ ಬಟ್ಟೆ ಬಿಡುತ್ತಿದ್ದರಂತೆ. "ಮಕ್ಕಳು ಉದ್ದಕ್ಕೆ ಬೆಳೆಯುತ್ತಾರೆ, ಅಧಿಕಾರಿಗಳು ಅಗಲಕ್ಕೆ. ಎರಡಕ್ಕೂ ಬಿಡಬೇಕು" ಎನ್ನುತ್ತಿದ್ದರಂತೆ. 1971ರಲ್ಲಿ, ಹಳೆಯ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದಾದ ಮೇಲೆ ಅವರ ಕೈಗೆ ಹೊಸ ದರ್ಬಾರಿ ಕೋಟು ಬರಲೇ ಇಲ್ಲ. ಕೊನೆಗಾಲದಲ್ಲಿ ಶಾಲೆಯ ಚಡ್ಡಿಗಳನ್ನೇ ಹೊಲಿದರು.

ಮಧ್ಯಾಹ್ನದ ಹೊತ್ತಿಗೆ ಅಪ್ಪನ ಹಳೆಯ ಗಿರಾಕಿಯೊಬ್ಬರು ಬಂದರು. ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದು ಕಳೆದ ತಿಂಗಳು ನಿವೃತ್ತರಾದವರು. ಚೀಲದಿಂದ ಮೂರು ಖಾಕಿ ಪ್ಯಾಂಟು ತೆಗೆದು ಮೇಜಿನ ಮೇಲಿಟ್ಟರು.

"ಇನ್ನು ಇವನ್ನು ಹಾಕುವಂತಿಲ್ಲ. ಬಿಸಾಕಲು ಮನಸ್ಸಿಲ್ಲ. ತರಕಾರಿ ಚೀಲ ಹೊಲಿದುಕೊಡಿ."

ಖಾಕಿ ನೋಡಿದರೆ ನನಗೆ ಓದಿದ್ದನ್ನು ಒದರುವ ಚಪಲ. ಪಾರಸಿಯಲ್ಲಿ ಖಾಕ್ ಎಂದರೆ ಧೂಳು, 1846ರಲ್ಲಿ ಪೇಶಾವರದಲ್ಲಿ ಗೈಡ್ಸ್ ಎಂಬ ತುಕಡಿ ಕಟ್ಟಿದ ಬ್ರಿಟಿಷ್ ಸೇನಾಧಿಕಾರಿ ಹ್ಯಾರಿ ಲಮ್ಸ್‌ಡೆನ್ ತನ್ನ ಸಿಪಾಯಿಗಳು ಬೆಟ್ಟದ ಮಣ್ಣಿನಲ್ಲಿ ಎದ್ದು ಕಾಣಬಾರದೆಂದು ಆ ಬಣ್ಣ ತೊಡಿಸಿದ, ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯೂ ಖಾಕಿ ಬಟ್ಟೆಗೆ ಹೆಸರುವಾಸಿಯಾಗಿತ್ತು ಎಂದೆಲ್ಲ ಹೇಳಿದೆ.

ಅವರು ತಾಳ್ಮೆಯಿಂದ ಕೇಳಿಸಿಕೊಂಡರು. "ಕಾಣಬಾರದು ಅಂತ ಮಾಡಿದ ಬಣ್ಣವೇ ಸ್ವಾಮಿ ಇದು? ಈ ಅಂಗಿ ಕಂಡ ಕೂಡಲೇ ಚಿಲ್ಲರೆ ಕೊಡಿ ಅಂತ ಐವತ್ತು ಜನ ಮೇಲೆ ಬೀಳುತ್ತಿದ್ದರು. ಈಗ ಅದೇ ನಿಲ್ದಾಣದಲ್ಲಿ ಪಂಚೆ ಉಟ್ಟು ನಿಂತರೆ ಒಬ್ಬನೂ ತಿರುಗಿ ನೋಡುವುದಿಲ್ಲ" ಎಂದರು.

ನನ್ನ ಕೊರಳಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡುತ್ತಿತ್ತು. ಭಾನುವಾರ ಅದು ಅಲ್ಲೇಕಿತ್ತೋ. ಸುಮ್ಮನೆ ಅಂಗಿಯ ಜೇಬಿಗೆ ಇಳಿಬಿಟ್ಟೆ.

ಅವರು ಹೋದ ಮೇಲೆ ಅಪ್ಪ ಪ್ಯಾಂಟುಗಳ ಹೊಲಿಗೆ ಬಿಚ್ಚಲು ಕುಳಿತರು. ಎರಡು ಚೀಲದ ಬಟ್ಟೆ ಕತ್ತರಿಸಿಟ್ಟು, ಉಳಿದ ತುಂಡಿನಿಂದ ಮೂರು ಬೆರಳಗಲದ ಒಂದು ಪಟ್ಟಿ ತೆಗೆದರು. ಆಮೇಲೆ ನನ್ನನ್ನು ಕೇಳದೆಯೇ ಹೊಸ ಲಂಗದ ಅಂಚನ್ನು ಸರಸರನೆ ಬಿಚ್ಚಿದರು. ನನ್ನ ಎದೆ ಧಸಕ್ಕೆಂದಿತು. ಶಾಲೆಯವರು ಮೊಳಕಾಲಿನ ಅಳತೆಯನ್ನೂ ನೋಡುತ್ತಾರೆ ಎಂದೆ. ಅಪ್ಪ ಕಿವಿಗೆ ಹಾಕಿಕೊಳ್ಳಲಿಲ್ಲ. ಬಿಚ್ಚಿದ ನೀಲಿ ಅಂಚಿಗೆ ಖಾಕಿ ಪಟ್ಟಿ ಸೇರಿಸಿ, ಎರಡನ್ನೂ ಒಳಕ್ಕೆ ಮಡಿಚಿ, ಯಂತ್ರಕ್ಕೆ ಕೊಡದೆ ಕೈಹೊಲಿಗೆ ಹಾಕಿದರು. ಹೊರಗಿನಿಂದ ಲಂಗ ಮೊದಲಿನಷ್ಟೇ ಉದ್ದ. ಬರುವ ಜೂನಿನಲ್ಲಿ ಮಡಿಕೆ ಇಳಿಸಿದರೆ ಒಳಗಿರುವ ನೀಲಿಯೆಲ್ಲ ಹೊರಗೆ ಬರುತ್ತದೆ, ಖಾಕಿ ಒಳಗೇ ಉಳಿಯುತ್ತದೆ. ಸಿಗುವುದು ಹೆಚ್ಚೆಂದರೆ ಒಂದು ಅಂಗುಲ. ಅಷ್ಟಕ್ಕೆ ಮುಕ್ಕಾಲು ಗಂಟೆ ಕೆಲಸ.

ಮಗಳು ಲಂಗ ತೊಟ್ಟು, ಅಂಚನ್ನು ಮಗುಚಿ ನೋಡಿದಳು. "ತಾತ, ಇದು ಬಸ್ಸಿನ ಬಟ್ಟೆ ಅಲ್ಲವಾ?"

"ಹೌದು ಪುಟ್ಟೀ. ಟಿಕೆಟ್ ತಗೊಳ್ಳದೆ ಓಡಬೇಡ."

ಅಪ್ಪ ರಸೀದಿ ಪುಸ್ತಕ ಎಳೆದುಕೊಂಡು, ಮಗಳ ಹೆಸರು ಬರೆದು, 'ಲಂಗ 1, ಒಳಪಟ್ಟಿ' ಎಂದು ನಮೂದಿಸಿ, ಮೊತ್ತದ ಜಾಗದಲ್ಲಿ 40 ಎಂದು ಹಾಕಿದರು. ಚೀಟಿ ಹರಿದು ನನ್ನ ಕೈಗಿಟ್ಟರು. ಅಂಗಡಿಯ ಬಿಲ್ಲು ಇದ್ದ ಜೇಬಿನಿಂದಲೇ ಹಣ ತೆಗೆದುಕೊಟ್ಟೆ.