ಕಿಟಕಿ ಮುಚ್ಚಿಸುವ ಹಾಡು

2025ರ ಜುಲೈ 5ರ ಶನಿವಾರ ರಾತ್ರಿ ನಮ್ಮ ಎದುರು ಮನೆಯ ಅಜ್ಜ ಎಷ್ಟು ಸಲ ಕಿಟಕಿ ತೆರೆದು ಮುಚ್ಚಿದರು ಅಂತ ಲೆಕ್ಕ ಇಟ್ಟವಳು ನನ್ನ ಮಗಳು. ಹನ್ನೊಂದು ಸಲ ಅಂತಾಳೆ. ನಾನು ಒಗ್ಗರಣೆ ಹಾಕುವ ಗಡಿಬಿಡಿಯಲ್ಲಿದ್ದೆ, ಒಂದೆರಡು ತಪ್ಪಿರಬಹುದು.

ಅವತ್ತು ಸ್ಕಾರ್ಪಿಯನ್ಸ್ ಬ್ಯಾಂಡಿನವರು ಸ್ವಂತ ಊರಿಗೆ ಬಂದಿದ್ದರು. ರುಡಾಲ್ಫ್ ಶೆಂಕರ್ 1965ರಲ್ಲಿ ಜರ್ಮನಿಯ ಇದೇ ಹ್ಯಾನೋವರಿನಲ್ಲಿ ಕಟ್ಟಿದ ರಾಕ್ ಬ್ಯಾಂಡು, 60 ತುಂಬಿತಲ್ಲ, ಅದರ ಸಂಭ್ರಮ. ಸ್ಟೇಡಿಯಂ ಹೊಳೆಯ ಆಚೆ ದಂಡೆಗಿದೆ, ನಾವಿರುವ ಲಿಂಡನ್ ಈಚೆ ದಂಡೆಗೆ. ಗಾಳಿ ಈ ಕಡೆ ತಿರುಗಿದರೆ ಟಿಕೆಟ್ ಇಲ್ಲದೇ ಅರ್ಧ ಕಛೇರಿ ನಮ್ಮ ಅಡಿಗೆಮನೆಗೇ ಬರುತ್ತದೆ. ಅವತ್ತು ಬಂತು.

ಗಿಟಾರು ಗುಡುಗಿದರೆ ಅಜ್ಜನ ಕಿಟಕಿ ತೆರೆಯುತ್ತಿತ್ತು. ಗುಡುಗು ನಿಂತು ತಂತಿ ಒಂದೊಂದೇ ಮೀಟುವ ಸಪ್ಪಳ ಶುರುವಾದರೆ ಸಾಕು, ಹಿಡಿಕೆ ತಿರುವಿ ಭದ್ರ ಮಾಡುತ್ತಿದ್ದರು. ಹೊರಗೆ ಧಗೆ. ಗಾಜಿನ ಹಿಂದೆ ಬರೀ ಬನಿಯನ್ನಿನಲ್ಲಿ ಕೂತು, ಆ ಹಾಡು ಮುಗಿಯುವುದನ್ನು ಮಳೆ ನಿಲ್ಲುವುದಕ್ಕೆ ಕಾದಂತೆ ಕಾಯುತ್ತಿದ್ದರು. ಕೊನೆಗೆ ಆ ಸಿಳ್ಳಿನ ಹಾಡು ಬಂತು. 'ವಿಂಡ್ ಆಫ್ ಚೇಂಜ್'. ಅದಕ್ಕಂತೂ ಕಿಟಕಿಯ ಜೊತೆ ಪರದೆಯನ್ನೂ ಎಳೆದರು, ಹಾಡು ಎಲ್ಲಿ ಕಣ್ಣಿಗೂ ಬಿದ್ದೀತೋ ಅನ್ನುವ ಹಾಗೆ.

ಆ ಹೊತ್ತಿಗೆ ಅವರ ಹೆಂಡತಿ ತಂಗಿಯ ಜೊತೆ ಸ್ಟೇಡಿಯಮ್ಮಿನಲ್ಲೇ ಇದ್ದರು.

ಈ ಜಗಳ ನನಗೆ ಹೊಸದಲ್ಲ. ಏಳು ವರ್ಷದಿಂದ ಮೆಟ್ಟಿಲ ಮೇಲೆ, ಕಸದ ಡಬ್ಬಿಯ ಹತ್ತಿರ, ಕಂತು ಕಂತಾಗಿ ಇಬ್ಬರಿಂದಲೂ ಕೇಳಿದ್ದೇನೆ. ಅಜ್ಜನ ಪ್ರಕಾರ ಸ್ಕಾರ್ಪಿಯನ್ಸ್ ಸತ್ತದ್ದು 1978ರಲ್ಲಿ. ಗಿಟಾರಿಸ್ಟ್ ಉಲಿ ಜಾನ್ ರಾತ್ ಬ್ಯಾಂಡು ಬಿಟ್ಟ ವರ್ಷ ಅದು. ಆಮೇಲೆ ಇವರು ಲೋಕಪ್ರಸಿದ್ಧರಾದರಲ್ಲ, ಅದೆಲ್ಲ ಅಜ್ಜನಿಗೆ ತಿಥಿಯೂಟದ ಲೆಕ್ಕ. ಒಂದು ಸಲ ಒಳಗೆ ಕರೆದು 'ಟೋಕಿಯೋ ಟೇಪ್ಸ್' ತೋರಿಸಿದರು. ರಾತ್ ಬಿಡುವ ಮುಂಚೆ ಜಪಾನಿನಲ್ಲಿ ಧ್ವನಿಮುದ್ರಿಸಿದ ಜೋಡಿ ಎಲ್‌ಪಿ. ಅದನ್ನು ಹಿಡಿದ ಕೈ ನೋಡಿ ನನಗೆ ನಮ್ಮಪ್ಪ ನೆನಪಾದರು. ಅಂಚಿಗೆ ಅಂಗೈ ಒತ್ತಿ, ಮೈಗೆ ಬೆರಳು ತಾಗಿಸದೆ ಹಿಡಿಯುವುದು. ಆ ಹಿಡಿತಕ್ಕೆ ದೇಶ ಇಲ್ಲ.

ಅದೇ ಕಪಾಟಿನಲ್ಲಿ 'ಅಕೂಸ್ಟಿಕಾ' ಕೂಡ ಇದೆ. 2001ರಲ್ಲಿ ಲಿಸ್ಬನ್ನಿನ ಹಳೆಯ ಮಠವೊಂದರಲ್ಲಿ ಅಬ್ಬರದ ಗಿಟಾರು ಬದಿಗಿಟ್ಟು ಮೆತ್ತಗೆ ಹಾಡಿದ ಆಲ್ಬಂ. ಹೆಂಡತಿ ಕ್ರಿಸ್ಮಸ್ಸಿಗೆ ಕೊಟ್ಟ ಉಡುಗೊರೆಯಂತೆ. ಮೇಲಿನ ಪ್ಲಾಸ್ಟಿಕ್ ಇನ್ನೂ ಹರಿದಿಲ್ಲ. (ಮಠದಲ್ಲಿ ಕೂತು ಹಾಡಿದ್ದಾರೆ ಅಂದಕೂಡಲೇ ನನಗೆ ಕೇಳದೆಯೇ ಅದರ ಮೇಲೆ ಪ್ರೀತಿ ಹುಟ್ಟಿತು. ಧಾರವಾಡದವಳು ನಾನು, ಮಠ ಅಂದರೆ ಹಾಡಿಕೆ, ಆಮೇಲೆ ಹುಗ್ಗಿ.)

ಹೆಂಡತಿ ಆಗಿನ ಪೂರ್ವ ಜರ್ಮನಿಯ ಮಾಗ್ಡೆಬುರ್ಗಿನವರು. ಇಲ್ಲಿಂದ ಹುಬ್ಬಳ್ಳಿ-ದಾವಣಗೆರೆ ನಡುವಿನಷ್ಟೇ ದೂರ, ಆದರೆ ಆಗ ಮಧ್ಯೆ ಗಡಿ, ಮುಳ್ಳುತಂತಿ, ಬಂದೂಕು. 1990ರಲ್ಲಿ ಒಂದು ಸೂಟ್‌ಕೇಸು ಹಿಡಿದು ಈ ಕಡೆ ಬಂದವರು. ಬ್ಯಾಂಡಿನ ಗಾಯಕ ಕ್ಲೌಸ್ ಮೈನೆ ಆ ಸಿಳ್ಳಿನ ಹಾಡು ಬರೆದದ್ದು 1989ರ ಆಗಸ್ಟಿನಲ್ಲಿ ಮಾಸ್ಕೋದಲ್ಲಿ ಹಾಡಿ ಬಂದ ಮೇಲೆ. ಬರ್ಲಿನ್ ಗೋಡೆ ಬಿದ್ದದ್ದು ಅದೇ ನವೆಂಬರಿನಲ್ಲಿ. ಹಾಡು ಜನರ ಕಿವಿಗೆ ಬಿದ್ದದ್ದು ಮರುವರ್ಷದ ಆಲ್ಬಮ್ಮಿನಿಂದ. ಆದರೆ ಇಲ್ಲಿಯ ಮಂದಿಯನ್ನು ಕೇಳಿ ನೋಡಿ, ಗೋಡೆ ಬೀಳುವಾಗ ಹಿಂದೆ ಇದೇ ಸಿಳ್ಳು ಕೇಳುತ್ತಿತ್ತು ಅಂತ ಆಣೆ ಮಾಡುತ್ತಾರೆ. ಈಕೆಯೂ ಮಾಡುತ್ತಾರೆ. ತಾರೀಖು ತಪ್ಪು ಅಂತ ಗಂಡ ತಿದ್ದುತ್ತಾರೆ. ತಿದ್ದಿದ ದಿನ ಸಂಜೆ ಆಕೆ ಬಾಲ್ಕನಿಯಲ್ಲಿ ಗಿಡಗಳಿಗೆ ನೀರು ಹಾಕುತ್ತ ಅದೇ ಸಿಳ್ಳು ಹಾಕುತ್ತಾರೆ. ಮೂರು ಕುಂಡಕ್ಕೆ ನೀರುಣಿಸಲು ಅರ್ಧ ತಾಸು ತೆಗೆದುಕೊಳ್ಳುತ್ತಾರೆ.

"ಅಷ್ಟು ಯಾಕೆ ಸಿಟ್ಟು ನಿಮಗೆ ಆ ಹಾಡಿನ ಮೇಲೆ?" ಅಂತ ಮೊನ್ನೆ ಅಜ್ಜನನ್ನು ಕೇಳಿಯೇಬಿಟ್ಟೆ. 2022ರಲ್ಲಿ ಯುದ್ಧ ಶುರುವಾದ ಮೇಲೆ ಮೈನೆ ಆ ಹಾಡಿನ ಮೊದಲಿನ ಸಾಲುಗಳನ್ನು ಬದಲಿಸಿ ಉಕ್ರೇನಿನ ಹೆಸರು ತಂದರಲ್ಲ, ಅದನ್ನು ಎತ್ತಿದರು. ಗಟ್ಟಿ ಹಾಡಿಗೆ ಇಂಥ ರಿಪೇರಿ ಬೇಕಾಗುವುದಿಲ್ಲ ಅಂದರು. ಅದು ನಿಜವಾದ ಕಾರಣ ಅಲ್ಲ ಅಂತ ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ಸ್ವಲ್ಪ ಸುಮ್ಮನಿದ್ದು ಹೇಳಿದರು: "ಹದಿನಾರು ವರ್ಷದವನಿದ್ದಾಗ ಈ ಬ್ಯಾಂಡು ಕೇಳಿದ್ದಕ್ಕೆ ನಮ್ಮಪ್ಪ ರೇಡಿಯೋ ಎತ್ತಿ ಹೊರಗಿಟ್ಟಿದ್ದ. ಆಮೇಲೆ ಇವರು ಮೆತ್ತಗೆ ಹಾಡಿದರು. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಅದೇ ಹಾಡು, ತರಕಾರಿ ತರಲು ಹೋದರೂ ಅದೇ. ಎಂಬತ್ತನೇ ಹುಟ್ಟುಹಬ್ಬದಲ್ಲಿ ನನ್ನ ಅತ್ತೆ ಅದನ್ನು ಹಾಕಿಸಿಕೊಂಡು ಅತ್ತಳು. ಅತ್ತೆಗೂ ಇಷ್ಟವಾದ ಮೇಲೆ ಅದು ರಾಕ್ ಹೇಗಾಗುತ್ತದೆ, ನೀವೇ ಹೇಳಿ."

ನಗು ಬಂತು. ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ನಗು ಹೋಗಿ ಬೇರೇನೋ ಆಗಿತ್ತು.

ಧಾರವಾಡದ ನಮ್ಮ ಮನೆಯಲ್ಲಿ ಹಿಂದೂಸ್ತಾನಿ ಗವಾಯಿ ಮನ್ಸೂರರು ಇಬ್ಬರಿದ್ದರು. ಅಪ್ಪನ ಮಲ್ಲಿಕಾರ್ಜುನ ಮನ್ಸೂರರು ಮಂದಿಗೆ ಹೆಸರೂ ಗೊತ್ತಿಲ್ಲದ ರಾಗ ತೆಗೆದು, ಜಾಣರನ್ನೂ ಗೊಂದಲಕ್ಕೆ ಹಾಕಿ ನಗುವವರು. ಅವ್ವನ ಮನ್ಸೂರರು ಧಾರವಾಡ ಆಕಾಶವಾಣಿಯಲ್ಲಿ ಬೆಳಗಿನ ಹೊತ್ತು ವಚನ ಹಾಡುವವರು. ಒಬ್ಬರೇ ಮನುಷ್ಯ, ಒಂದೇ ಗಂಟಲು, ಆದರೆ ನಮ್ಮ ಮನೆಯಲ್ಲಿ ಅವರಿಗೆ ಎರಡು ಬೇರೆ ಬೇರೆ ಖಾತೆ. "ವಚನ ಓದೂದು, ಹಾಡೂದಲ್ಲ" ಅನ್ನುವುದು ಅಪ್ಪನ ವಾದ. ಅದಕ್ಕೆ ಸಾಕ್ಷಿ ಗಂಗೂಬಾಯಿ ಹಾನಗಲ್ಲರು: "ಮೊದಲ ಠುಮರಿ, ಭಜನ್ ಎಲ್ಲಾ ಹಾಡ್ತಿದ್ರು. ಆಮ್ಯಾಲ ಖಯಾಲ್ ಬಿಟ್ಟು ಬ್ಯಾರೇದು ಮುಟ್ಟಲಿಲ್ಲ. ಅದು ನೋಡು ನಿಷ್ಠಾ." (ಖಯಾಲ್ ಅಂದರೆ ರಾಗವನ್ನು ಸಾವಕಾಶ ಬಿಡಿಸಿ ಹಾಡುವುದು, ಠುಮರಿ ಅಂದರೆ ಅದಕ್ಕಿಂತ ಹಗುರಾದ, ಭಾವದ ಹಾಡು.)

ಎಂಬತ್ತರ ದಶಕದ ಮಾತು. ಹುಬ್ಬಳ್ಳಿಯ ದೇಶಪಾಂಡೆ ನಗರದ ಸವಾಯಿ ಗಂಧರ್ವ ಹಾಲಿನಲ್ಲಿ ದೊಡ್ಡವರ ಹಾಡಿಕೆ ಇದ್ದರೆ ಧಾರವಾಡದಿಂದ ನಮ್ಮ ಸ್ಕೂಟರು ಹೊರಡುತ್ತಿತ್ತು. ಅಪ್ಪ ಮುಂದೆ, ಅವ್ವ ಹಿಂದೆ, ನಡುವೆ ನಾನು. ಅಪ್ಪ ಮುಂದಿನ ಸಾಲಿನಲ್ಲಿ ತೊಡೆಯ ಮೇಲೆ ತಾಳ ಹಾಕುತ್ತ ಕೂಡುತ್ತಿದ್ದರು. ನಾನು ಮತ್ತು ಅವ್ವ ಹೆಣ್ಣುಮಕ್ಕಳ ಕಡೆ. ನಿಧಾನಗತಿಯ ವಿಲಂಬಿತ ಏಕತಾಲದಲ್ಲಿ ಗವಾಯಿಗಳು ತಾಳದ ಒಂದು ಸುತ್ತು ಮುಗಿಸುವಷ್ಟರಲ್ಲಿ ನನಗೊಂದು ನಿದ್ದೆ ಆಗುತ್ತಿತ್ತು. ಅವ್ವ ಮಾತ್ರ ಎರಡು ತಾಸು, ಮೂರು ತಾಸು ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದಳು. ಅವಳು ಕಾಯುತ್ತಿದ್ದದ್ದು ಕೊನೆಯ ಹದಿನೈದು ನಿಮಿಷಕ್ಕೆ. ಆಗೊಂದು ವಚನ ಬರುತ್ತದೆ, ಇಲ್ಲಾ ಒಂದು ಪದ ಬರುತ್ತದೆ.

ಖಯಾಲ್ ಮುಗಿದು ಚಪ್ಪಾಳೆ ಬಿದ್ದದ್ದೇ ತಡ, ಅಪ್ಪ ಎದ್ದು ನಿಂತು ಈ ಕಡೆ ಕೈ ಮಾಡುತ್ತಿದ್ದರು. "ಏಳ್ರಿ. ಇನ್ನೇನೈತಿ, ಮಂದಿ ಸಲುವಾಗಿ ಎರಡು ಪದ. ಗದ್ದಲದಾಗ ಗಾಡಿ ತಗ್ಯಾಕಾಗೂದಿಲ್ಲ." ಅವ್ವ ಏಳುತ್ತಿದ್ದಳು. ಹಾಲಿನ ಬಾಗಿಲು ದಾಟುವಾಗ ಹಿಂದೆ ತಂಬೂರಿ ಮತ್ತೆ ಶ್ರುತಿಗೆ ಬರುತ್ತಿರುತ್ತಿತ್ತು. ಸ್ಕೂಟರಿಗೆ ಕಿಕ್ ಹೊಡೆದರೆ ಮುಗೀತು, ಅದೂ ಕೇಳುತ್ತಿರಲಿಲ್ಲ.

ಉಣಕಲ್ ಕೆರೆ ದಾಟುವ ಹೊತ್ತಿಗೆ ಅವ್ವ ಗುನುಗಲು ಶುರು ಮಾಡುತ್ತಿದ್ದಳು. ನವನಗರ, ರಾಯಾಪುರ, ಸತ್ತೂರು. ಗಾಡಿಯ ಸಪ್ಪಳಕ್ಕೆ ಕಿವಿಗೇನೂ ಕೇಳುತ್ತಿರಲಿಲ್ಲ. ಆದರೆ ನನ್ನ ಬೆನ್ನು ಅವಳ ಎದೆಗೆ ಒತ್ತಿರುತ್ತಿತ್ತಲ್ಲ, ಸ್ವರ ಏರಿದ್ದು ಇಳಿದದ್ದು ಬೆನ್ನಿಗೆ ತಿಳಿಯುತ್ತಿತ್ತು. ನವಲೂರು ಬಂದರೆ ನಿಲ್ಲಿಸುತ್ತಿದ್ದಳು. ಅಲ್ಲಿಂದ ಮುಂದೆ ಹಾಲು ಹೆಪ್ಪು ಹಾಕಿದ್ದೆನೋ ಇಲ್ಲೋ ಅನ್ನುವ ಚಿಂತೆ.

ಅವಳೇನೂ ತಿಳಿಯದವಳಲ್ಲ. ಒಂದು ಮಧ್ಯಾಹ್ನ ಮೆಂತೆ ಪಲ್ಲೆ ಸೋಸುತ್ತ ನನಗೆ ಹೇಳಿದ್ದಳು: "ಗದಗಿನ ಭೀಮಸೇನ ಜೋಶಿಯವರು ಹನ್ನೊಂದು ವರ್ಷದ ಹುಡುಗ ಇದ್ದಾಗ ಗುರುನ ಹುಡುಕ್ಕೋತ ಮನಿ ಬಿಟ್ಟು ಓಡಿಹೋದ್ರಲ್ಲ, ಅದು ಖಯಾಲ್ ಕೇಳಿ ಅಲ್ಲವ್ವಾ. ಅಬ್ದುಲ್ ಕರೀಂ ಖಾನರ ಠುಮರಿ ರೆಕಾರ್ಡು ಕೇಳಿ." ಆ ಝಿಂಝೋಟಿ ರಾಗದ ಠುಮರಿ ಇಲ್ಲದಿದ್ದರೆ ಅಪ್ಪನಿಗೆ ತೊಡೆ ತಟ್ಟಲು ಭೀಮಸೇನರ ಖಯಾಲೇ ಸಿಗುತ್ತಿರಲಿಲ್ಲ. ಇಂಥ ಕತ್ತಿ ಕೈಯಲ್ಲಿದ್ದೂ ಅವ್ವ ಅದನ್ನು ಅಪ್ಪನ ಮುಂದೆ ಒಮ್ಮೆಯೂ ಬೀಸಲಿಲ್ಲ. ನನಗೆ ಹೇಳಿ, ಪಲ್ಲೆ ತೊಳೆಯಲು ಎದ್ದುಹೋದಳು. ನಾನಾದರೂ ಏನು ಮಾಡಿದೆ? ಕರ್ನಾಟಕ ಕಾಲೇಜಿಗೆ ಬಂದ ಮೇಲೆ ಅಪ್ಪನ ಮಾತನ್ನೇ ನನ್ನದು ಮಾಡಿಕೊಂಡು, ವಚನಗಾಯನ ಅಂದರೆ ಮೂಗು ಮುರಿಯುವ ಗೆಳತಿಯರ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಾನೇ.

ಎದುರು ಮನೆಯಾಕೆ ಹಾಗಲ್ಲ, ಮುಖಕ್ಕೇ ಹೇಳುತ್ತಾರೆ. "ನಿನ್ನ ಆ ಟೋಕಿಯೋ ಎಲ್‌ಪಿಯಲ್ಲೇ ಜಪಾನಿನ ಹಳೇ ಹಾಡು ಮೆತ್ತಗೆ ಹಾಡಿದ್ದಾರಲ್ಲ, ಆಗ ಯಾಕೆ ಕಿಟಕಿ ಮುಚ್ಚುವುದಿಲ್ಲ?" ಅಂತ ಬಾಲ್ಕನಿಯಿಂದಲೇ ಕೇಳಿದ್ದು ನಾಲ್ಕೂ ಮನೆಗೆ ಕೇಳಿಸಿದೆ. ಆಮೇಲೆ ಸ್ವಂತ ದುಡ್ಡಿನಲ್ಲಿ ಟಿಕೆಟ್ ತೆಗೆದು ಹೋದರು, ಕೊನೆಯ ಹಾಡಿನತನಕ ಇದ್ದು ನಡುರಾತ್ರಿ ಬಂದರು. ಗಂಡನಿಗೆ ಹಾಡಿನ ಮೇಲೆ ಸಿಟ್ಟು, ಹೆಂಡತಿ ಹೋದದ್ದರ ಮೇಲೆ ಅಲ್ಲ. ಈ ಎರಡನ್ನು ಬೇರೆ ಬೇರೆ ಇಡಲು ಬರುತ್ತದೆ ಅನ್ನುವುದೇ ಧಾರವಾಡದ ನಮ್ಮ ಓಣಿಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಇಲ್ಲೊಂದು ಮಾತು ಹೇಳಲೇಬೇಕು, ಹೊಟ್ಟೆಕಿಚ್ಚು ಅಂದುಕೊಳ್ಳಿ. ಹ್ಯಾನೋವರಿಗೆ 2014ರಲ್ಲೇ ಯುನೆಸ್ಕೋದ 'ಸಂಗೀತ ನಗರ' ಪಟ್ಟ ಸಿಕ್ಕಿದೆ. ನಮ್ಮ ದೇಶದಲ್ಲಿ ವಾರಾಣಸಿ, ಚೆನ್ನೈ ಆಮೇಲೆ 2023ರಲ್ಲಿ ಗ್ವಾಲಿಯರ್‌ಗೂ ಬಂತು. ಸವಾಯಿ ಗಂಧರ್ವರ ಕುಂದಗೋಳ, ಗಂಗೂಬಾಯಿಯವರ ಹುಬ್ಬಳ್ಳಿ, ಮನ್ಸೂರ, ಬಸವರಾಜ ರಾಜಗುರು ಇದ್ದ ಧಾರವಾಡ, ಪುಟ್ಟರಾಜ ಗವಾಯಿಗಳ ಗದಗು. ಒಂದು ಮುಂಜಾನೆ ಗಾಡಿ ಹತ್ತಿದರೆ ಸಂಜೆಯೊಳಗೆ ಎಲ್ಲ ಮುಟ್ಟಿ ಬರಬಹುದು. ಪಟ್ಟ ಇಲ್ಲ. ಮೊದಲು ಇದಕ್ಕೇ ರಾತ್ರಿ ನಿದ್ದೆ ಕೆಡುತ್ತಿತ್ತು. ಈಗ ಸ್ಕೂಟರಿನ ನೆನಪಿಗೆ ಕೆಡುತ್ತದೆ.

ಅಜ್ಜನ ಪರದೆ ಬಿದ್ದ ಆ ರಾತ್ರಿ ಮಗಳಿಗೆ ಇದನ್ನೆಲ್ಲ ಹೇಳಿದೆ. ಸಿಳ್ಳು ಇನ್ನೂ ತೇಲಿ ಬರುತ್ತಿತ್ತು. ಆ ಸಿಳ್ಳು ರೆಕಾರ್ಡ್ ಕಂಪನಿಯವರಿಗೇ ಬೇಡವಾಗಿತ್ತಂತೆ. ತೆಗೆದು ನೋಡಿ, ಹಾಡು ಸಪ್ಪೆಯಾಗಿ, ವಾಪಸ್ ಹಾಕಿದರಂತೆ. ಮಗಳಿಗೆ ಇದ್ಯಾವುದೂ ಬೇಕಿರಲಿಲ್ಲ.

"ಆಯಿಗೆ ಸ್ಕೂಟರ್ ಬರ್ತಿರಲಿಲ್ಲೇನು?"

"ಇಲ್ಲ."

"ಯಾರೂ ಕಲಸಲಿಲ್ಲೇನು?"

"ಇಲ್ಲ."

"ಹಂಗಾರ ಅಜ್ಜ ನಡಕೋತ ಹೋಗಬೇಕಿತ್ತು. ಅವರಿಗೇ ಅಲ್ಲಾ, ಹಾಡು ಬ್ಯಾಡಾಗಿದ್ದು?"

ನಲವತ್ತು ವರ್ಷದಲ್ಲಿ ನನಗೆ ಇದು ತಲೆಗೆ ಬಂದಿರಲಿಲ್ಲ. ಅವ್ವ ಕೂತಿರಬೇಕಿತ್ತು ಅಂತ ಎಷ್ಟೋ ಸಲ ಅನ್ನಿಸಿದೆ. ಅಪ್ಪ ಒಬ್ಬರೇ ಹೋಗಬಹುದಿತ್ತು ಅಂತ ಒಂದು ಸಲವೂ ಇಲ್ಲ.

ಮರುದಿನ ರವಿವಾರ ಒಂಬತ್ತಕ್ಕೆ ಎಂದಿನಂತೆ ಊರಿಗೆ ವಿಡಿಯೋ ಕಾಲ್ ಮಾಡಿದೆವು. ಅಲ್ಲಿ ಹನ್ನೆರಡೂವರೆ, ಅಡಿಗೆಯ ಹೊತ್ತು. ಮಗಳು ಮೊದಲು ಎದುರು ಮನೆಯಾಕೆಯಿಂದ ಕಲಿತ ಸಿಳ್ಳು ಹಾಕಿ ತೋರಿಸಿದಳು. ಸಿಳ್ಳು ಹಾಕಿದರೆ ಮನೆಗೆ ಹಾವು ಬರುತ್ತವೆ ಅಂತ ನನ್ನ ಬಾಯಿಗೆ ಹೊಡೆದಿದ್ದ ಅವ್ವ ಫೋನಿಗೆ ಕಿವಿ ಹಚ್ಚಿ, "ಚಂದೈತಿ, ಇನ್ನೊಮ್ಮೆ ಹಾಕು" ಅಂದಳು. ಹಿಂದಿನಿಂದ ಅಪ್ಪ, "ಏನದು, ಸಿನಿಮಾ ಪದಾ?" ಅಂದರು.

"ಅಜ್ಜಾ," ಅಂದಳು ಮಗಳು, "ಹಾಡಿಕಿ ಮುಗಿಯೂಕಿಂತ ಮೊದಲ ನೀವು ಒಬ್ಬರ ನಡಕೋತ ಮನೀಗ ಹೋಗಬೇಕಿತ್ತು. ಆಯಿ ಕೂತು ಕೇಳ್ತಿದ್ರು."

ನಾನು ಫೋನು ಕಸಿಯುವಷ್ಟರಲ್ಲಿ ಮಾತು ಧಾರವಾಡ ಮುಟ್ಟಿತ್ತು.

"ಹುಬ್ಬಳ್ಳಿಂದ?" ಅಂದರು ಅಪ್ಪ. "ಧಾರವಾಡ ತನಾ? ನಡಕೋತ?"

ಅವ್ವ ಏನಾದರೂ ಅನ್ನುತ್ತಾಳೆ ಅಂತ ಕಾದೆ. ಒಳಗೆ ಕುಕ್ಕರ್ ಸೀಟಿ ಹೊಡೆಯಿತು. "ಮೂರಾತು, ಬ್ಯಾಳಿ ಇಳಸ್ತೇನಿ" ಅಂತ ಫೋನನ್ನು ಟೇಬಲ್ಲಿನ ಮೇಲೆ ಅಂಗಾತ ಇಟ್ಟು ಎದ್ದುಹೋದಳು. ಪರದೆಯ ತುಂಬ ನಮ್ಮ ಪಡಸಾಲೆಯ ಫ್ಯಾನು. ಸ್ವಲ್ಪ ಹೊತ್ತಾದ ಮೇಲೆ ಫ್ಯಾನಿಗೆ ಅಡ್ಡವಾಗಿ ಅಪ್ಪನ ಮುಖ ಬಂತು, ತೀರಾ ಹತ್ತಿರ, ಬರೀ ಗದ್ದ ಮತ್ತು ಮೂಗು.

"ಅಲ್ಲವಾ," ಅಂದರು, ದನಿ ಇಳಿಸಿ, "ಯಾವ ವಚನ ಕೇಳೂದಿತ್ತು ಆಕೀಗೆ?"

ಉಣಕಲ್ಲಿನಿಂದ ನವಲೂರಿನತನಕ ನನ್ನ ಬೆನ್ನಿಗೆ ತಾಗಿದ್ದು ಬರೀ ಸ್ವರ. ಮಾತು ನನಗೂ ಗೊತ್ತಿರಲಿಲ್ಲ.

"ಒಳಗ ಹೋಗಿ ಆಕೀನ್ನ ಕೇಳ್ರಿ" ಅಂದೆ.