ಕೆಂಪುಮೂಗ ಮತ್ತು ಅವನ ಗ್ಯಾಂಗು

ನಮ್ಮನೆ ಮೀನಿನ ಜಗಳದ ಕಥೆ ಕೇಳಿ ಕೇಳಿ ಆಫೀಸಿನವರಿಗೆಲ್ಲ ಸಾಕಾಗಿದೆ. ಮೊನ್ನೆ ಒಬ್ಬರು "ಬರೆದು ಹಾಕಿ ಸಾರ್, ಊಟಕ್ಕೆ ಕೂತಾಗ ಬೇಡ" ಅಂದೇಬಿಟ್ಟರು. ಸರಿ, ಬರೆದು ಹಾಕ್ತಿದ್ದೇನೆ.

ಟೈಗರ್ ಬಾರ್ಬ್ ನೋಡಿರ್ತೀರಿ. ಹಳದಿ ಮೈ, ಮೇಲಿಂದ ಕೆಳಕ್ಕೆ ನಾಲ್ಕು ಕಪ್ಪು ಪಟ್ಟಿ, ರೆಕ್ಕೆ ತುದಿಯಲ್ಲಿ ಕೆಂಪು. ಮೂಲ ಊರು ಸುಮಾತ್ರಾ ಕಡೆ. ಬೆಳೆದರೆ 6-7 ಸೆಂಟಿಮೀಟರ್, ಅಷ್ಟೇ. ಅಂಗಡಿಯಲ್ಲಿ ಒಂದೇ ಟ್ಯಾಂಕಿನಲ್ಲಿ ನೂರಾರು ಇದ್ದವು, ಎಲ್ಲ ಒಟ್ಟಿಗೆ ಆ ಕಡೆ ಈ ಕಡೆ ಹೋಗ್ತಿದ್ದವು, ಒಂದೂ ಇನ್ನೊಂದನ್ನ ಮುಟ್ಟುತ್ತಿರಲಿಲ್ಲ. ಮಗಳು ಗಾಜಿಗೆ ಮೂಗು ಒತ್ತಿ ನಿಂತಳು. ಐದು ತಗೊಂಡೆ. ಜೊತೆಗೆ ಒಂದು ಏಂಜೆಲ್ ಫಿಶ್. "ಎರಡೂ ಒಟ್ಟಿಗೆ ಇರ್ತಾವಾ?" ಅಂತ ಕೇಳಿದ್ದಕ್ಕೆ ಅಂಗಡಿಯವನು "ಆರಾಮಾಗಿ ಇರ್ತವೆ ಸರ್" ಅಂದ.

ಆರಾಮಾಗಿ ಇದ್ದದ್ದು ನಾಲ್ಕು ದಿನ.

ಏಂಜೆಲ್ ಫಿಶ್‌ಗೆ ಹೊಟ್ಟೆ ಕೆಳಗೆ ಎರಡು ಉದ್ದನೆಯ ಎಳೆ ಇರುತ್ತವೆ, ಮೀಸೆ ಥರ ಜೋತು ಬಿದ್ದಿರುತ್ತವೆ. ಐದನೇ ದಿನಕ್ಕೆ ಒಂದು ಎಳೆ ಇಲ್ಲ. ವಾರ ಕಳೆಯುವಷ್ಟರಲ್ಲಿ ಎರಡೂ ಇಲ್ಲ, ಬಾಲದ ಅಂಚು ಹರಿದ ಲಂಗದ ಹಾಗಾಗಿತ್ತು. ನಿಧಾನವಾಗಿ ಈಜುವ, ಉದ್ದ ರೆಕ್ಕೆಯ ಯಾವ ಮೀನನ್ನೂ ಟೈಗರ್ ಬಾರ್ಬ್ ಜೊತೆ ಬಿಡಬಾರದು. ಏಂಜೆಲ್, ಬೆಟ್ಟಾ, ಗಪ್ಪಿ, ಗೋಲ್ಡ್ ಫಿಶ್, ಯಾವುದೂ ಬೇಡ. ಇದರಲ್ಲಿ ಚರ್ಚೆಗೇನೂ ಇಲ್ಲ. ಏಂಜೆಲ್‌ನ ಪಕ್ಕದ ಬೀದಿಯ ಗೆಳೆಯನ ಮನೆಗೆ ಸಾಗಿಸಿದೆ. ಜಗಳ ಮುಗೀತು ಅಂದುಕೊಂಡೆ.

ಅಸಲಿ ಜಗಳ ಶುರುವಾಗಿದ್ದೇ ಆಮೇಲೆ. ಕಚ್ಚೋಕೆ ಬೇರೆಯವರು ಇಲ್ಲದಾಗ ಇವು ತಮ್ಮತಮ್ಮಲ್ಲೇ ಹಿಡಿದುಕೊಂಡವು. ಐದರಲ್ಲಿ ಒಂದು ಗಂಡು, ಮೂಗು ಕೆಂಪಗೆ ಮೆಣಸಿನಕಾಯಿ ಥರ. ಬಾರ್ಬ್‌ಗಳಲ್ಲಿ ಗಂಡಿಗೆ ಹಾಗೆ ಮೂಗು ಕೆಂಪಾಗುತ್ತದೆ, ಹೆಣ್ಣಿನ ಹೊಟ್ಟೆ ದುಂಡಗಿರುತ್ತದೆ. ಮಗಳು ಅವನಿಗೆ ಕೆಂಪುಮೂಗ ಅಂತ ಹೆಸರಿಟ್ಟಳು. ಅವನ ಕೆಲಸ ಒಂದೇ. ಎಲ್ಲಕ್ಕಿಂತ ಸಣ್ಣದನ್ನು ಅಟ್ಟಿಸಿಕೊಂಡು ಹೋಗೋದು.

ಒಂದು ರಾತ್ರಿ ಹನ್ನೊಂದು ಗಂಟೆಗೆ ಸ್ಟೂಲ್ ಎಳೆದುಕೊಂಡು ಟ್ಯಾಂಕಿನ ಮುಂದೆ ಕೂತೆ. ಸಣ್ಣದು ಫಿಲ್ಟರ್ ಪೈಪಿನ ಹಿಂದೆ, ಮೇಲಿನ ಮೂಲೆಯಲ್ಲಿ, ಗಾಜಿಗೆ ಅಂಟಿಕೊಂಡಂತೆ ನಿಂತಿತ್ತು. ಕಪ್ಪು ಪಟ್ಟಿ ಮಾಸಿ ಬೂದಿ ಬಣ್ಣ. ಕಿವಿರು ಬೇಗ ಬೇಗ ಆಡುತ್ತಿತ್ತು. ಎರಡು ಬೆರಳಿನಷ್ಟು ಹೊರಗೆ ಬಂತು ಅಂದರೆ ಸಾಕು, ಕೆಂಪುಮೂಗ ಟ್ಯಾಂಕಿನ ಆ ತುದಿಯಿಂದ ಬಾಣದ ಹಾಗೆ ಬರುತ್ತಿದ್ದ. ಪೆಲೆಟ್ ಹಾಕಿದೆ. ನಾಲ್ಕೂ ಮುಗಿಬಿದ್ದವು, ಅದು ಅಲ್ಲಾಡಲಿಲ್ಲ.

ಇಲ್ಲೊಂದು ಮಾತು ಹೇಳಿಬಿಡಬೇಕು. ಎಲ್ಲ ಅಟ್ಟಾಟವೂ ಜಗಳ ಅಲ್ಲ. ಎರಡು ಗಂಡು ಎದುರುಬದುರು ನಿಂತು, ರೆಕ್ಕೆ ಬಿಚ್ಚಿ, ತಲೆ ತಗ್ಗಿಸಿ ಸುತ್ತು ಹಾಕುತ್ತಿದ್ದರೆ ಅದು ಬರೀ ಜೋರು, ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಯಾರಿಗೂ ಗಾಯ ಆಗಲ್ಲ. ಯಾರು ದೊಡ್ಡವರು ಅಂತ ತೀರ್ಮಾನ ಮಾಡ್ಕೊಳ್ತಾವೆ ಅಷ್ಟೇ. ಬೆಳಿಗ್ಗೆ ಲೈಟ್ ಹಾಕಿದ ತಕ್ಷಣ ಮೈ ಬಿಳಚಿಕೊಂಡಿದ್ದರೂ ಗಾಬರಿ ಬೇಡ, ಕತ್ತಲಲ್ಲಿ ಬಣ್ಣ ಇಳಿಯುತ್ತದೆ. ಇವು ತಲೆ ಕೆಳಗೆ ಮಾಡಿ ನಿಂತು ನಿದ್ದೆ ಮಾಡುತ್ತವೆ ಅನ್ನೋದೂ ಗೊತ್ತಿರಲಿ. ನಾನು ಮೊದಲ ಸಲ ನೋಡಿ ಐದೂ ಹೋದವು ಅಂದುಕೊಂಡು ಮನೆಯವರನ್ನೆಲ್ಲ ಎಬ್ಬಿಸಿದ್ದೆ. ಚಿಂತೆ ಮಾಡಬೇಕಾದ್ದು ಯಾವಾಗ ಅಂದರೆ, ದಿನವೂ ಅದೇ ಮೀನು ಏಟು ತಿನ್ನುತ್ತಿದ್ದರೆ, ಊಟಕ್ಕೆ ಬರದಿದ್ದರೆ, ಅಡಗಿದ ಜಾಗ ಬಿಟ್ಟು ಹೊರಗೆ ಬರದಿದ್ದರೆ.

ನನಗೆ ಹೊಳೆದ ಉಪಾಯ ಎಲ್ಲರಿಗೂ ಹೊಳೆಯುವಂಥದ್ದೇ: ರೌಡಿಯನ್ನು ಎತ್ತಿ ಹೊರಗಿಡು. ಕೆಂಪುಮೂಗನನ್ನು ಏರ್ ಪಂಪ್ ಹಾಕಿ ಬಕೆಟ್‌ನಲ್ಲಿಟ್ಟೆ. ಎರಡು ದಿನ ಶಾಂತಿ. ಮೂರನೇ ದಿನ, ಅಲ್ಲಿಯವರೆಗೆ ಪಾಪ ಅನ್ನಿಸಿಕೊಂಡಿದ್ದ ದಪ್ಪ ಹೆಣ್ಣು ಅದೇ ಕೆಲಸ ಶುರು ಮಾಡಿತು, ಅದೇ ಸಣ್ಣದರ ಮೇಲೆ. ಆ ದಪ್ಪ ಹೆಣ್ಣನ್ನು ಅಂಗಡಿಗೆ ವಾಪಸ್ ಕೊಟ್ಟೆ. ಟ್ಯಾಂಕಿನಲ್ಲಿ ಉಳಿದದ್ದು ಮೂರು. ಆಗ ಇನ್ನೂ ಕೆಟ್ಟಿತು. ಇಬ್ಬರು ಸೇರಿ ಒಬ್ಬನನ್ನು ಹೊಡೆಯೋ ಲೆಕ್ಕ. ಒಂದೇ ವಾರದಲ್ಲಿ ಸಣ್ಣದರ ಬಾಲ ಅರ್ಧ ಹೋಯಿತು.

ಅಮ್ಮ ಹೂ ಕಟ್ಟುತ್ತಾ ಇದನ್ನೆಲ್ಲ ನೋಡುತ್ತಿದ್ದರು. "ಮೂರೇ ಜನ ಇದ್ರೆ ಹೀಗೇ ಕಣೋ. ನಮ್ಮನೇಲಿ ಹದಿನಾಲ್ಕು ಜನ ಇದ್ವಿ, ಅತ್ತೆಗೆ ಯಾರನ್ನ ಬಯ್ಯಬೇಕು ಅಂತ ನೆನಪಾಗೋ ಹೊತ್ತಿಗೆ ಇನ್ನೊಬ್ಬಳು ಪಾತ್ರೆ ಬೀಳಿಸಿರೋಳು" ಅಂದರು. ನಕ್ಕೆ. ಆಮೇಲೆ ರಾತ್ರಿ ಕೂತು ಓದಿದರೆ, ಬಾರ್ಬ್ ಸಾಕುವವರು ಹೇಳೋದೂ ಹೆಚ್ಚುಕಮ್ಮಿ ಅದನ್ನೇ. ಇದು ಗುಂಪಿನ ಮೀನು. ಗುಂಪಿನೊಳಗೆ ಮೇಲು ಕೀಳು ಇದ್ದೇ ಇರುತ್ತದೆ, ಅದನ್ನು ತೆಗೆಯೋಕೆ ಆಗಲ್ಲ. ಗುಂಪು ದೊಡ್ಡದಿದ್ದರೆ ಏಟು ಹಂಚಿಹೋಗುತ್ತದೆ. ಒಂದನ್ನು ಅಟ್ಟುತ್ತಾ ಹೋದವನ ಕಣ್ಣಿಗೆ ಮಧ್ಯದಲ್ಲಿ ಇನ್ನೆರಡು ಅಡ್ಡ ಬರುತ್ತವೆ, ಗುರಿ ತಪ್ಪುತ್ತದೆ. ಗುಂಪು ಚಿಕ್ಕದಾದಷ್ಟೂ ಕೊನೆಯವನ ಮೇಲೆ ಎಲ್ಲ ಏಟೂ ಬೀಳುತ್ತದೆ. ನಾನು ಮೀನು ಕಮ್ಮಿ ಮಾಡುತ್ತಾ ಹೋಗಿ ಜಗಳಕ್ಕೆ ನಾನೇ ಎಣ್ಣೆ ಸುರಿದಿದ್ದೆ. ಎಂಟಕ್ಕಿಂತ ಕಮ್ಮಿ ಇಡಬೇಡಿ ಅನ್ನುತ್ತಾರೆ, ಹತ್ತು ಹನ್ನೆರಡು ಇದ್ದರೆ ಒಳ್ಳೇದು.

ಆದರೆ ಹನ್ನೆರಡು ಮೀನು ಎಲ್ಲಿಡೋದು? ನನ್ನ ಟ್ಯಾಂಕು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಅಂಚಿನವರೆಗೆ ತುಂಬಿಸಿದರೂ 56 ಲೀಟರ್, ಕಲ್ಲು ಮರಳು ಕಳೆದರೆ ಇನ್ನೂ ಕಮ್ಮಿ. ಈ ಮೀನುಗಳಿಗೆ ಎತ್ತರಕ್ಕಿಂತ ಉದ್ದ ಮುಖ್ಯ, ಓಡೋಕೆ ಜಾಗ ಬೇಕು. ಮೂರಡಿ ಟ್ಯಾಂಕ್ ಮಾಡಿಸಿದೆ, 36 ಇಂಚು, 15 ಇಂಚು, 18 ಇಂಚು. ಸುಮಾರು 159 ಲೀಟರ್. ಹೆಂಡತಿ ಏನಂದಳು ಅನ್ನೋದನ್ನ ಇಲ್ಲಿ ಬರೆಯಲ್ಲ. ಹಳೇ ಫಿಲ್ಟರಿನ ಸ್ಪಂಜನ್ನು ತೊಳೆಯದೆ ಹಾಗೇ ಹೊಸದಕ್ಕೆ ಹಾಕಿದೆ. ಮೀನಿನ ಹೊಲಸಿನಿಂದ ನೀರಿಗೆ ಸೇರುವ ಅಮೋನಿಯಾ ವಿಷವನ್ನು ತಿನ್ನುವ ಬ್ಯಾಕ್ಟೀರಿಯಾ ಅದರಲ್ಲೇ ಇರೋದು. ಸ್ಪಂಜನ್ನು ನಲ್ಲಿ ನೀರಲ್ಲಿ ತೊಳೆದರೆ ಕ್ಲೋರಿನ್‌ಗೆ ಅವು ಸಾಯುತ್ತವೆ.

ಹೊಸದಾಗಿ ಒಂಬತ್ತು ಮೀನು ತಂದೆ. ಒಂದೊಂದಾಗಿ ಅಲ್ಲ, ಒಂದೇ ಸಲ. ಒಂಟಿಯಾಗಿ ಬಂದ ಹೊಸಬನ ಗತಿ ಏನಾಗುತ್ತೆ ಅಂತ ನಿಮಗೇ ಗೊತ್ತಾಗುತ್ತೆ, ಹಾಸ್ಟೆಲ್‌ನಲ್ಲಿ ಇದ್ದವರಿಗಂತೂ ಹೇಳೋದೇ ಬೇಡ. ತಂದ ಕೂಡಲೇ ಬಿಡಲಿಲ್ಲ. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಮೂರು ವಾರ ಬೇರೆ ಇಡೋಣ ಅಂದುಕೊಂಡೆ. ಹತ್ತನೇ ದಿನ ಒಂದರ ಮೈಮೇಲೆ ಉಪ್ಪು ಚಿಮುಕಿಸಿದ ಹಾಗೆ ಬಿಳಿ ಚುಕ್ಕೆ. ವೈಟ್ ಸ್ಪಾಟ್, ಮೀನಿಂದ ಮೀನಿಗೆ ಹರಡುವ ರೋಗ. ಆ ಮೀನು ಉಳಿಯಲಿಲ್ಲ. ಮಿಕ್ಕ ಎಂಟಕ್ಕೆ ಔಷಧಿ ಹಾಕಿ, ಮೂರು ವಾರ ಅಂದುಕೊಂಡದ್ದು ಐದು ವಾರ ಆಯಿತು. ಸುಮ್ನೆ ನೇರ ಟ್ಯಾಂಕಿಗೆ ಸುರಿದಿದ್ದರೆ ಹಳೆಯವೂ ಹೋಗಿರುತ್ತಿದ್ದವು.

ಆ ಐದು ವಾರ ಸಣ್ಣದನ್ನು ಹಳೇ ಟ್ಯಾಂಕಿನಲ್ಲೇ ಪ್ಲಾಸ್ಟಿಕ್ ಜಾಲರಿಯ ಹಿಂದೆ ಇಟ್ಟಿದ್ದೆ. ಕೆಂಪುಮೂಗನನ್ನು ವಾಪಸ್ ಉಳಿದಿಬ್ಬರ ಜೊತೆ ಬಿಟ್ಟೆ. ಮೂರೂ ಸಮಬಲದವು, ಗಲಾಟೆ ಇತ್ತು, ಗಾಯ ಇರಲಿಲ್ಲ. ಹರಿದ ಬಾಲಕ್ಕೆ ವಿಶೇಷ ಔಷಧಿ ಏನೂ ಹಾಕಲಿಲ್ಲ. ವಾರಕ್ಕೆ ಎರಡು ಸಲ ಕಾಲು ಭಾಗ ನೀರು ಬದಲಾಯಿಸಿದೆ, ಅಷ್ಟೇ. ಅಂಚಿನಲ್ಲಿ ಹತ್ತಿಯಂಥ ಬೂಸ್ಟು ಬಂದರೆ ಅಥವಾ ಬುಡದವರೆಗೆ ಕೊಳೆಯುತ್ತಾ ಹೋದರೆ ಮಾತ್ರ ಔಷಧಿ ಬೇಕು. ಬಾಲ ಮೊದಲು ಪ್ಲಾಸ್ಟಿಕ್ ಕವರಿನ ಹಾಗೆ ಪಾರದರ್ಶಕವಾಗಿ ಬೆಳೆಯಿತು, ಬಣ್ಣ ಆಮೇಲೆ ಬಂತು.

ಹೊಸ ಟ್ಯಾಂಕಿನಲ್ಲಿ ಮಾಡಿದ ಇನ್ನೊಂದು ಕೆಲಸ, ಈ ತುದಿಯಿಂದ ಆ ತುದಿ ಕಾಣದ ಹಾಗೆ ಮಾಡಿದ್ದು. ಹಳೆಯದರಲ್ಲಿ ಮಧ್ಯದಲ್ಲಿ ಒಂದು ಪ್ಲಾಸ್ಟಿಕ್ ಕೋಟೆ ಬಿಟ್ಟರೆ ಉಳಿದದ್ದೆಲ್ಲ ಬಯಲು, ಕೆಂಪುಮೂಗ ನಿಂತಲ್ಲಿಂದಲೇ ಎಲ್ಲರ ಮೇಲೂ ಕಣ್ಣಿಡಬಹುದಿತ್ತು. ಇದರಲ್ಲಿ ಹಿಂದಿನ ಗೋಡೆಗೆ ವ್ಯಾಲಿಸ್ನೇರಿಯಾ ಗಿಡ, ಅಡ್ಡಲಾಗಿ ಎರಡು ಮರದ ತುಂಡು. ರಸ್ತೆ ಬದಿಯ ಬಾದಾಮಿ ಮರದ ಒಣಗಿದ ಎಲೆ ತೊಳೆದು ಎರಡು ಹಾಕಿದೆ. ನೀರು ತೆಳು ಟೀ ಬಣ್ಣಕ್ಕೆ ತಿರುಗಿತು. "ಕೊಳಚೆ ಥರ ಇದೆ" ಅಂತ ಅಮ್ಮನ ಕಂಪ್ಲೇಂಟು. ಮೀನಿಗೆ ಇಷ್ಟ, ಬೆಳಕೂ ಸ್ವಲ್ಪ ತಗ್ಗುತ್ತದೆ.

ಹನ್ನೊಂದನ್ನು ಲೈಟ್ ಆರಿಸಿ ರಾತ್ರಿ ಬಿಟ್ಟೆ, ಕೆಂಪುಮೂಗನನ್ನು ಎಲ್ಲರಿಗಿಂತ ಕೊನೆಗೆ, ಮೂರು ದಿನ ತಡವಾಗಿ. ಮೊದಲೇ ಇದ್ದವನಿಗೆ ಟ್ಯಾಂಕು ತನ್ನದು ಅನ್ನಿಸುತ್ತದೆ, ಕೊನೆಗೆ ಬಂದವನು ಅತಿಥಿ. ಒಳಗೆ ಬಿದ್ದವನು ಕಲ್ಲಿನ ಪಕ್ಕ ಹತ್ತು ನಿಮಿಷ ಸುಮ್ಮನೆ ನಿಂತ. ಹಾಗೆ ನಿಂತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಊಟವನ್ನು ಈಗ ಎರಡು ಮೂಲೆಯಲ್ಲಿ ಒಟ್ಟಿಗೇ ಹಾಕುತ್ತೇವೆ. ಮಗಳು ಒಂದು ಕಡೆ, ನಾನು ಒಂದು ಕಡೆ, "ಒನ್ ಟೂ ತ್ರೀ" ಅಂತ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಅರ್ಧ ಜಗಳ ಇಲ್ಲೇ ನಿಂತಿತು ಅಂತ ನನ್ನ ಅನಿಸಿಕೆ.

ಗೆಳೆಯನೊಬ್ಬ ಡೆನಿಸನ್ ಬಾರ್ಬ್ ಎರಡು ಹಾಕು, ನಮ್ಮ ಪಶ್ಚಿಮ ಘಟ್ಟದ್ದೇ, ಚೆನ್ನಾಗಿರುತ್ತೆ ಅಂದ. ಚೆನ್ನಾಗಿರೋದು ನಿಜ. ಆದರೆ ಅದೂ ಗುಂಪಿನ ಮೀನೇ, ಇವುಗಳ ಎರಡರಷ್ಟು ಬೆಳೆಯುತ್ತದೆ, ಮೂರಡಿ ಸಾಲಲ್ಲ. ಜೊತೆಗೆ ಅಳಿವಿನಂಚಿನ ಪಟ್ಟಿಯಲ್ಲಿದೆ. ಬೇಡ ಅಂದೆ.

ನಾಲ್ಕು ತಿಂಗಳಾಯಿತು. ಅಟ್ಟಾಟ ನಿಂತಿಲ್ಲ, ನಿಲ್ಲೋದೂ ಇಲ್ಲ. ದಿನಕ್ಕೆ ಇಪ್ಪತ್ತು ಸಲ ಯಾರೋ ಯಾರನ್ನೋ ಓಡಿಸುತ್ತಿರುತ್ತಾರೆ, ಮರುಕ್ಷಣ ಎಲ್ಲ ಸೇರಿ ಗಿಡದ ಪಕ್ಕ ತಿರುಗುತ್ತಿರುತ್ತಾರೆ. ಹರಿದ ಬಾಲ ಒಂದೂ ಇಲ್ಲ. ಸಣ್ಣದು ಮುಂದೆ ಬಂದು ತಿನ್ನುತ್ತದೆ. ಭಾನುವಾರ ಗಾಜು ಉಜ್ಜೋಕೆ ಕೈ ಇಳಿಸಿದರೆ ಮಾತ್ರ ಕೆಂಪುಮೂಗ ಎಲ್ಲಿದ್ದರೂ ಬಂದು ನನ್ನ ಕೈ ಮೇಲಿನ ಕೂದಲು ಹಿಡಿದು ಎಳೆಯುತ್ತಾನೆ. ನೋವೇನೂ ಆಗಲ್ಲ. ಒಂಥರಾ ಕಚಗುಳಿ.