ಇದ್ಯಾವೂರ ನಕ್ಷೆ?

16 ನವೆಂಬರ್ 2025, ಭಾನುವಾರ
ದಾವಣಗೆರೆ

ಹನ್ನೊಂದು ದಿನದಿಂದ ಅದೇ ಮೂಲೆ.

ಇವತ್ತು ಏನೂ ಬರೆಯಬಾರದು ಅಂತಿದ್ದೆ. ಸಂಜೆ ಅಪ್ಪಾಜಿ ಒಂದು ಮಾತು ಕೇಳಿದರು. ಬರೆದಿಡದೆ ಮಲಗಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಹೋಗಿರುತ್ತೆ.

ಹೋದ ಸಲ ಬರೆದಿದ್ದ ಎಲ್ ಆಕಾರದ ತಗಡು, ಇನ್ನೂ ಅದರಲ್ಲೇ ಇದ್ದೇನೆ. ಚೌಕದ ಕಾಲುಭಾಗ ಕತ್ತರಿಸಿ ತೆಗೆದರೆ ಉಳಿಯುವ ಆಕಾರ. ಅಂಚಿನ ಬಿಸಿ ಎಷ್ಟು ಅಂತ ಗೊತ್ತು, ಒಳಗೆ ಎಲ್ಲೆಲ್ಲಿ ಎಷ್ಟಿದೆ ಅಂತ ಕಂಡುಹಿಡಿಯಬೇಕು. ಆಕಾರವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಲೆಕ್ಕ ಹಾಕುವ ಫೈನೈಟ್ ಎಲಿಮೆಂಟ್ ವಿಧಾನ ಕಲಿಯುವ ಎಲ್ಲರೂ ಹಾಯಲೇಬೇಕಾದ ಲೆಕ್ಕ ಇದು. ಯಾಕಂದರೆ ಉತ್ತರ ಮೊದಲೇ ಗೊತ್ತಿದೆ, ನಮ್ಮ ಪ್ರೋಗ್ರಾಮ್ ಎಷ್ಟು ತಪ್ಪಿತು ಅಂತ ನಿಖರವಾಗಿ ಅಳೆಯಬಹುದು. ಒಳಮೂಲೆಯ ಕೋನ 270 ಡಿಗ್ರಿ. ಆ ಮೂಲೆಯಿಂದ ದೂರ ಸರಿದಂತೆ ಬಿಸಿ, ದೂರದ ಮೂರನೇ ಎರಡರ ಘಾತದಂತೆ ಬದಲಾಗುತ್ತೆ. ಕೇಳಲು ಸಾಧುವಾಗಿದೆ. ಆದರೆ ಅದರ ಇಳಿಜಾರು ಎಷ್ಟು ಅಂತ ನೋಡುತ್ತಾ ಮೂಲೆಗೆ ಹತ್ತಿರ ಹೋದರೆ ಅದು ಏರುತ್ತಲೇ ಹೋಗುತ್ತೆ, ಮೂಲೆಯಲ್ಲಿ ಅದಕ್ಕೆ ಮಿತಿಯೇ ಇಲ್ಲ. ತಗಡಿನ ಉಳಿದ ಭಾಗವೆಲ್ಲ ನುಣ್ಣಗೆ ಇರುತ್ತೆ. ಜಗಳವೆಲ್ಲ ಒಂದೇ ಒಂದು ಚುಕ್ಕೆಯಲ್ಲಿ.

ಮಧ್ಯಾಹ್ನದಿಂದ ಹಾಲ್‌ನಲ್ಲಿ ಕೂತು ಕೆಲಸ ಮಾಡುತ್ತಿದ್ದೆ. ಅಮ್ಮ ಊರಿಗೆ ಹೋಗಿದ್ದಾರೆ, ಮೆಕ್ಕೆಜೋಳ ರಸ್ತೆಯಲ್ಲೇ ಒಣಗಿಸಿದ್ದಾರಂತೆ, ಮೋಡ ಆಗಿದೆ ಅಂತ ಎರಡು ಸಲ ಫೋನು. ಅಪ್ಪಾಜಿಯೇ ಮಂಡಕ್ಕಿ ಕಲಸಿಕೊಂಡು ಬಂದರು. ಈರುಳ್ಳಿ ದಪ್ಪದಪ್ಪ ಹೆಚ್ಚಿದ್ದರು. ಕಣ್ಣು ಕಾಣಲ್ಲ, ಒಪ್ಪಿಕೊಳ್ಳಲ್ಲ. ಗುರುವಾರ ಬಲಗಣ್ಣಿನ ಪೊರೆ ತೆಗೆಸಬೇಕು. ತಟ್ಟೆ ಇಟ್ಟು ನನ್ನ ಪರದೆಗೆ ಮುಖ ಆನಿಸಿದಷ್ಟು ಹತ್ತಿರ ಬಗ್ಗಿ, ತುಂಬಾ ಹೊತ್ತು ನೋಡಿದರು.

"ಇದ್ಯಾವೂರ ನಕ್ಷೆನವ್ವಾ?"

ನಾನು ಏನೋ ಹೇಳಲು ಹೋದೆ. ಅವರ ಬೆರಳು ಆಗಲೇ ಒಳಮೂಲೆಯ ಮೇಲಿತ್ತು.

"ಈ ಮೂಲೆಯಾಗೆ ಅಣ್ತಮ್ಮಂದಿರ ಜಗಳ ಜೋರೈತೆ. ನೋಡು, ಎಷ್ಟು ಪೋಡಿ ಆಗೈತೆ."

ಮೂವತ್ತನಾಲ್ಕು ವರ್ಷ ಸರ್ವೆಯರ್ ಆಗಿದ್ದವರು. ದಾವಣಗೆರೆ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ ಕೆಲಸಕ್ಕೆ ಸೇರಿ, 1997ರಲ್ಲಿ ಹೊಸ ಜಿಲ್ಲೆಯಾದ ಮೇಲೂ ಜಗಳೂರು, ಹರಿಹರ, ಚನ್ನಗಿರಿ ಅಂತ ಸುತ್ತಿದವರು. ಸೈಕಲ್ಲಿನ ಹಿಂದೆ ಚೈನು ಕಟ್ಟಿಕೊಂಡು ಹೋಗುತ್ತಿದ್ದದ್ದು ನನಗೆ ನೆನಪಿದೆ. 33 ಅಡಿ ಚೈನು, ಹದಿನಾರು ಆಣೆ. ಒಂದು ಆಣೆ ಅಂದರೆ ಎರಡಡಿ ಚಿಲ್ಲರೆ. ಒಂದು ಚೈನಿನ ಚೌಕ ಒಂದು ಗುಂಟೆ, ಅಂತಹ 40 ಗುಂಟೆ ಒಂದು ಎಕರೆ. ನಾನು ಮಗ್ಗಿಗಿಂತ ಮೊದಲು ಕಲಿತ ಲೆಕ್ಕ ಇದು.

ಪೋಡಿ ಅಂದರೆ ಒಂದು ಸರ್ವೆ ನಂಬರನ್ನು ಒಡೆದು ಪಾಲು ಮಾಡುವುದು. ಅವರು ಕಂಡದ್ದು ಸರಿಯೇ. ಪರದೆ ಮೇಲಿದ್ದದ್ದು ಹಿಂದಿನ ವಾರದ ಮೆಶ್, ಅಂದರೆ ತಗಡನ್ನು ತುಂಡು ಮಾಡಿದ ಬಲೆ, ಬರೀ ಒಡೆಯುವ ಲೆಕ್ಕದ್ದು. ಒಂದು ಚೌಕ (ನಾವು ಸೆಲ್ ಅನ್ನುತ್ತೇವೆ) ನಾಲ್ಕಾಗುತ್ತೆ, ಅದರಲ್ಲಿ ಮೂಲೆ ಕಡೆಯದ್ದು ಮತ್ತೆ ನಾಲ್ಕಾಗುತ್ತೆ. 45ನೇ ಸರ್ವೆ ನಂಬರ್ 45/1, 45/2 ಆದಂತೆ. ಪ್ರೋಗ್ರಾಮಿನ ಒಳಗೂ ಅದು ಹಾಗೇ ಇರುವುದು, ಯಾವ ತಾಯಿಗೆ ಯಾವ ಮಕ್ಕಳು ಅಂತ ಮರದ ಹಾಗೆ ಬರೆದಿಟ್ಟಿರುತ್ತೆ.

"ಅರ್ಜಿ ಯಾರು ಹಾಕ್ತಾರೆ?" ಅಂದರು.

ಈ ಪ್ರಶ್ನೆಯನ್ನು ಎಂಟೆಕ್ ಮುಗಿಸಿದ ಹುಡುಗರು ಕೂಡ ಇಷ್ಟು ನೇರವಾಗಿ ಕೇಳುವುದಿಲ್ಲ. ಎಲ್ಲಿ ಒಡೆಯಬೇಕು ಅಂತ ಯಾರು ಹೇಳುವುದು? ಉತ್ತರವೇ ಗೊತ್ತಿಲ್ಲದಾಗ ತಪ್ಪು ಎಲ್ಲಿದೆ ಅಂತ ತಿಳಿಯುವುದು ಹೇಗೆ? ಗಣಿತಜ್ಞರಾದ ಬಾಬುಷ್ಕಾ ಮತ್ತು ರೈನ್‌ಬೋಲ್ಟ್ 1978ರಲ್ಲಿ ದಾರಿ ತೋರಿಸಿದರು, ಬಂದ ಉತ್ತರದಿಂದಲೇ ತಪ್ಪಿನ ಅಂದಾಜು ಕಟ್ಟಬಹುದು ಅಂತ. ನಾನು ಬಳಸುವುದು 1983ರಲ್ಲಿ ಕೆಲ್ಲಿ ಮತ್ತು ಜೊತೆಗಾರರು ಕೊಟ್ಟ ಅಂದಾಜು. ಅಪ್ಪಾಜಿಗೆ ನೀರಿನ ಲೆಕ್ಕದಲ್ಲಿ ಹೇಳಿದೆ. ಭದ್ರಾ ನಾಲೆಯ ನೀರು ಒಂದು ಗದ್ದೆಯಿಂದ ಬದು ದಾಟಿ ಎಷ್ಟು ಹೋಯಿತೋ, ಪಕ್ಕದ ಗದ್ದೆಗೆ ಅಷ್ಟೇ ಬಂದಿರಬೇಕು. ಶಾಖವೂ ಹಾಗೇ. ನಮ್ಮದು ಅಂದಾಜಿನ ಉತ್ತರವಾದ್ದರಿಂದ ಬದುವಿನ ಮೇಲೆ ಎರಡೂ ಕಡೆಯ ಲೆಕ್ಕ ತಾಳೆಯಾಗುವುದಿಲ್ಲ. ಎಲ್ಲಿ ವ್ಯತ್ಯಾಸ ದೊಡ್ಡದೋ ಆ ಸೆಲ್ಲಿನ ಅರ್ಜಿ ಮೇಲೆ ಬರುತ್ತೆ. ನಾನು ಬಳಸುವ ಡೀಲ್ ಟೂ ಅನ್ನುವ ಸಾಫ್ಟ್‌ವೇರ್ ಲೈಬ್ರರಿಯ ಪಾಠಗಳಲ್ಲಿ, ಒಂದೊಂದು ಸುತ್ತಿನಲ್ಲೂ ನೂರಕ್ಕೆ ಮೂವತ್ತು ಸೆಲ್ ಒಡಿ, ಮೂರು ಕೂಡಿಸು ಅನ್ನುವ ಲೆಕ್ಕ ಇರುತ್ತೆ.

"ಕೂಡ್ಸೋದೂ ಐತಾ?"

"ಇದೆ ಅಪ್ಪಾಜಿ. ಬೇಡದ ಕಡೆ ಒಡೆದಿದ್ರೆ ವಾಪಸ್ ಒಂದು ಮಾಡುತ್ತೆ."

"ನಾನು ಅಷ್ಟು ವರ್ಷದಾಗೆ ಒಡೆದಿದ್ದೇ. ಕೂಡ್ಸಿದ್ದು ಬೆರಳೆಣಿಕೆ."

ಅಷ್ಟು ಹೇಳಿ ಸುಮ್ಮನಾದರು. ಬೆಳಗ್ಗೆ ದೊಡ್ಡಪ್ಪನ ಫೋನು ಬಂದಿತ್ತು. ಊರಿನ ಹೊಲದ್ದೇ ವಿಷಯ, ಇಡೀ ತಾಲ್ಲೂಕಿನ ಹಿಸ್ಸೆ ಅಳೆದವರ ಸ್ವಂತ ಹಿಸ್ಸೆ ಇನ್ನೂ ಅಳತೆಯಾಗಿಲ್ಲ. "ಅಣ್ಣನ ಮುಂದೆ ಚೈನು ಹಿಡಿದು ನಿಂತ್ಕೊಳ್ಳೋಕೆ ಆಗಲ್ಲ" ಅನ್ನುತ್ತಾರೆ. ನಾನು ಆ ಮಾತೆತ್ತಲಿಲ್ಲ. ಮಂಡಕ್ಕಿ ಮೆತ್ತಗಾಗುತ್ತಿತ್ತು, ಇಬ್ಬರೂ ತಿಂದೆವು.

ಆಮೇಲೆ ಅವರೇ ಮತ್ತೆ ಪರದೆಗೆ ಬಂದರು. ದೊಡ್ಡ ಸೆಲ್ಲಿನ ಪಕ್ಕ ಎರಡು ಚಿಕ್ಕ ಸೆಲ್ ಇರುವ ಜಾಗ ತೋರಿಸಿ, "ಈ ಕಲ್ಲು ಯಾರದು?" ಅಂದರು. ನನ್ನ ಹೊಲ ಒಂದೇ ಇದೆ, ಪಕ್ಕದವರು ಪಾಲಾಗಿದ್ದಾರೆ, ಅವರ ನಡುವಿನ ಬಾಂದುಕಲ್ಲು ನನ್ನ ಬದುವಿನ ಮಧ್ಯಕ್ಕೆ ಬಂದು ನಿಂತಿದೆ. ನಾವು ಇದನ್ನು ಹ್ಯಾಂಗಿಂಗ್ ನೋಡ್ ಅನ್ನುತ್ತೇವೆ.

"ಅದು ನಿನ್ನ ಗೆರೆ ಮೇಲೇ ಕೂರಬೇಕು. ಒಂದಾಣೆ ಒಳಗೆ ಬಂದ್ರೆ ಒತ್ತುವರಿ. ಒಂದಾಣೆ ಆಚೆ ಹೋತು ಅಂದ್ರೆ ನಡುವೆ ಯಾರದ್ದೂ ಅಲ್ಲದ ಜಾಗ ಬೀಳ್ತದೆ."

ನಾನು ಕ್ಲಾಸಿನಲ್ಲಿ ಅರ್ಧ ಗಂಟೆ ತೆಗೆದುಕೊಂಡು ಹೇಳುವುದು ಇದೇ. ಆ ನೋಡಿನ ಬೆಲೆ ಸ್ವತಂತ್ರ ಅಲ್ಲ. ಒಂದನೇ ಡಿಗ್ರಿಯಲ್ಲಿ, ಅಂದರೆ ಸೆಲ್ಲಿನೊಳಗೆ ಉತ್ತರವನ್ನು ನೇರ ಗೆರೆಯಂತೆ ಹಿಡಿದಾಗ, ಅದು ಆಚೀಚೆ ಎರಡು ತುದಿಯ ಸರಾಸರಿ ಆಗಲೇಬೇಕು, ಇಲ್ಲದಿದ್ದರೆ ಉತ್ತರ ಅಲ್ಲಿ ಸೀಳುತ್ತೆ. ಪಕ್ಕಪಕ್ಕದ ಸೆಲ್‌ಗಳ ನಡುವೆ ಒಂದು ತಲೆಮಾರಿಗಿಂತ ಹೆಚ್ಚು ಅಂತರ ಬಿಡುವುದೂ ಇಲ್ಲ. ಒಬ್ಬ ತೀರಾ ಚೂರಾದರೆ ಪಕ್ಕದವನೂ ಒಮ್ಮೆಯಾದರೂ ಒಡೆಯಬೇಕು.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ.

ಒಡೆಯುವುದು ಒಂದೇ ದಾರಿ ಅಲ್ಲ. ಸೆಲ್ಲನ್ನು ಹಾಗೇ ಬಿಟ್ಟು ಅದರೊಳಗಿನ ಪಾಲಿನಾಮಿಯಲ್ಲಿನ ಡಿಗ್ರಿ ಏರಿಸಬಹುದು, ನೇರ ಗೆರೆಯ ಬದಲು ಬಾಗುವ ಗೆರೆ. ಒಡೆಯುವುದಕ್ಕೆ ಎಚ್, ಡಿಗ್ರಿ ಏರಿಸುವುದಕ್ಕೆ ಪಿ, ಎರಡನ್ನೂ ಬೇಕಾದಲ್ಲಿ ಬೇಕಾದಂತೆ ಮಾಡುವುದು ಎಚ್‌ಪಿ. ಇದೇ ಎಲ್ ತಗಡಿನಲ್ಲಿ ತಪ್ಪನ್ನು ಹತ್ತನೇ ಒಂದಕ್ಕೆ ಇಳಿಸಬೇಕು ಅಂದುಕೊಳ್ಳಿ. ಒಂದನೇ ಡಿಗ್ರಿಯಲ್ಲೇ ಎಲ್ಲ ಕಡೆ ಸಮನಾಗಿ ಒಡೆಯುತ್ತಾ ಹೋದರೆ ಬಿಡಿಸಬೇಕಾದ ಅಜ್ಞಾತಗಳು ಸಾವಿರ ಪಟ್ಟಾಗುತ್ತವೆ. ತಪ್ಪಿದ್ದ ಕಡೆ ಮಾತ್ರ ಒಡೆದರೆ ನೂರು ಪಟ್ಟು. ಒಡೆಯದೆ ಎಲ್ಲ ಕಡೆ ಡಿಗ್ರಿ ಏರಿಸಿದರೆ ಸುಮಾರು ಮೂವತ್ತೆರಡು ಪಟ್ಟು, ಇದು ಬಾಬುಷ್ಕಾ, ಸಾಬೋ, ಕಾಟ್ಜ್ 1981ರಲ್ಲಿ ತೋರಿಸಿದ್ದು. ಮೂಲೆಯ ಕಡೆಗೆ ಸೆಲ್ ಚಿಕ್ಕದಾಗುತ್ತಾ ಹೋಗಬೇಕು, ಮೂಲೆಯಿಂದ ದೂರ ಹೋದಂತೆ ಡಿಗ್ರಿ ಏರುತ್ತಾ ಹೋಗಬೇಕು, ಆಗ ತಪ್ಪು ಘಾತೀಯವಾಗಿ ಕುಸಿಯುತ್ತೆ ಅಂತ 1986ರಲ್ಲಿ ಗುವೋ ಮತ್ತು ಬಾಬುಷ್ಕಾ ಸಾಧಿಸಿದರು. ಮೊದಲ ಸಲ ಅದನ್ನು ಓದಿದ ದಿನ ನನಗೆ ನಿದ್ದೆ ಬಂದಿರಲಿಲ್ಲ, ಇವತ್ತಿಗೂ ಆ ಫಲಿತಾಂಶ ಎದುರಿಗೆ ಬಂದರೆ ಮೈ ಜುಮ್ಮೆನ್ನುತ್ತೆ.

ಆದರೆ ಪ್ರತಿ ಸೆಲ್ಲಿಗೂ ಕೇಳಬೇಕು: ಒಡೆಯಲೋ, ಏರಿಸಲೋ? ಬದುವಿನ ಲೆಕ್ಕ ಇಲ್ಲಿ ತಪ್ಪಿದೆ ಅಂತಷ್ಟೇ ಹೇಳುತ್ತೆ. ಔಷಧ ಯಾವುದು ಅಂತ ಹೇಳುವುದಿಲ್ಲ.

ಅಪ್ಪಾಜಿಗೆ ಇದನ್ನು ಹೇಗೆ ಹೇಳುವುದು ಅಂತ ಯೋಚಿಸುತ್ತಿದ್ದೆ. ಅವರು ನನ್ನ ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿ, ಪೆನ್ಸಿಲ್ ತಗೊಂಡು, ನೇರವಾಗಿ ಒಂದು ಗೆರೆ ಎಳೆದರು. ಕೈ ಸ್ವಲ್ಪವೂ ನಡುಗಲಿಲ್ಲ. ಗೆರೆಯ ಪಕ್ಕ ಒಂದು ಹಳ್ಳ ಬರೆದರು.

"ಇದು ಚೈನು ಎಳೆದ ಗೆರೆ. ಇದು ಹಳ್ಳ. ಹೊಲದ ಗಡಿ ಹಳ್ಳದ ದಂಡೆ. ಗೆರೆಯಿಂದ ದಂಡೆಗೆ ಅಡ್ಡ ದೂರ, ಅಂದ್ರೆ ಆಫ್‌ಸೆಟ್ ತಗೋಬೇಕು, ಲಂಬ ಹಿಡಿಯೋ ಕ್ರಾಸ್ ಸ್ಟಾಫ್ ಇಟ್ಟು. ದಂಡೆ ನುಣುಪಾಗಿ ಬಾಗಿದ್ರೆ ಮೂರು ಆಫ್‌ಸೆಟ್ ಸಾಕು. ಟಿಪ್ಪಣಿ ನಕ್ಷೆಯಾಗೆ ಗೆರೆ ಬಗ್ಗಿಸಿ ಎಳೆದ್ರೆ ಸರಿಯಾಗಿ ಕೂರ್ತದೆ."

ಮೂರು ಚಿಕ್ಕ ಅಡ್ಡಗೆರೆ ಹಾಕಿ, ತುದಿಗಳನ್ನು ಒಂದೇ ಬೀಸಿನಲ್ಲಿ ಕೂಡಿಸಿದರು.

"ಮಳೆಗೆ ಕೊರಕಲು ಬಿದ್ದಿದ್ರೆ?"

"ಕೊರಕಲಿಗೆ ಎಷ್ಟು ಬಗ್ಗಿಸಿದ್ರೂ ಕೂರಲ್ಲ. ಈ ಕಡೆ ಕೂಡಿಸಿದ್ರೆ ಆ ಕಡೆ ಉಬ್ತದೆ. ಅಲ್ಲಿ ಹೆಜ್ಜೆಗೊಂದು ಆಫ್‌ಸೆಟ್ ತಗೊಳ್ಳೋದೇ."

ನಾನು ಮಂಡಕ್ಕಿ ತಟ್ಟೆ ಬದಿಗಿಟ್ಟೆ. ಕೇಳಿದೆ, ಯಾವುದು ನುಣುಪು, ಯಾವುದು ಕೊರಕಲು ಅಂತ ಮೊದಲೇ ಹೇಗೆ ಗೊತ್ತಾಗುತ್ತಿತ್ತು?

ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ ಅನ್ನುವ ಹಾಗೆ ನೋಡಿದರು. "ನಡೆದು ನೋಡ್ತಿದ್ದೆ."

ಪ್ರೋಗ್ರಾಮಿಗೆ ನಡೆಯಲು ಬರುವುದಿಲ್ಲ. ಅದು ಮಾಡುವುದು ಇಷ್ಟು: ಸೆಲ್ಲಿನೊಳಗೆ ತಾನು ಕಂಡುಕೊಂಡ ಉತ್ತರವನ್ನು, ಡಿಗ್ರಿಗೊಂದರಂತೆ ಇರುವ ಲೆಜಾಂಡ್ರ್ ಪಾಲಿನಾಮಿಯಲ್‌ಗಳ ಮೊತ್ತವಾಗಿ ಬಿಡಿಸುತ್ತೆ. ಮೇಲಿನ ಡಿಗ್ರಿಗೆ ಹೋದಂತೆ ಗುಣಾಂಕಗಳು ಬೇಗ ಬೇಗ ಸಣ್ಣಗಾದರೆ ನುಣುಪು, ಡಿಗ್ರಿ ಏರಿಸು. ನಿಧಾನಕ್ಕೆ ಇಳಿದರೆ ಕೊರಕಲು, ಒಡಿ. ತನ್ನದೇ ತಪ್ಪು ಉತ್ತರವನ್ನು ನೋಡಿ ನೆಲ ಹೇಗಿದೆ ಅಂತ ಊಹಿಸುವುದು.

ಇಷ್ಟು ಅವರಿಗೆ ಹೇಳುತ್ತಾ ಹೇಳುತ್ತಾ ನನ್ನ ಹನ್ನೊಂದು ದಿನದ ತಪ್ಪು ಕಣ್ಣಿಗೆ ಬಿತ್ತು. ನಾನು ಖರ್ಚು ಉಳಿಸಲು ಎಲ್ಲ ಸೆಲ್‌ಗಳನ್ನೂ ಒಂದನೇ ಡಿಗ್ರಿಯಿಂದ ಶುರು ಮಾಡಿದ್ದೆ. ಒಂದನೇ ಡಿಗ್ರಿಯಲ್ಲಿ ಒಂದೊಂದು ದಿಕ್ಕಿಗೆ ಇರುವುದೇ ಎರಡು ಗುಣಾಂಕ. ಯಾವ ಎರಡು ಚುಕ್ಕೆಯ ಮೇಲಾದರೂ ಒಂದು ಗೆರೆ ಸರಿಯಾಗಿ ಕೂರುತ್ತೆ, ಇಳಿಕೆ ನಿಜವೋ ಸುಳ್ಳೋ ಹೇಳುವವರು ಯಾರು? ಪ್ರೋಗ್ರಾಮ್ ಮೂಲೆಯ ಸೆಲ್ಲನ್ನೇ ನುಣುಪು ಅಂತ ನಂಬಿತು. ಅಲ್ಲಿ ಡಿಗ್ರಿ ಏರಿಸಿತು, ಮತ್ತೆ ಏರಿಸಿತು. ಕೊರಕಲಿನ ಮೇಲೆ ಬೀಸಿ ಬೀಸಿ ಗೆರೆ ಎಳೆಯುತ್ತಾ ಕೂತಿತ್ತು, ತಪ್ಪು ಅಲ್ಲೇ ತೆವಳುತ್ತಿತ್ತು. ಡೀಲ್ ಟೂನ 27ನೇ ಪಾಠ ಎರಡನೇ ಡಿಗ್ರಿಯಿಂದ ಶುರುವಾಗುತ್ತೆ. ನಾನು ಅದನ್ನು ಎಷ್ಟು ಸಲ ಓದಿದ್ದೇನೆ! ಓದಿದಾಗಲೆಲ್ಲ ಆ ಸಾಲು ದಾಟಿ ಹೋಗಿದ್ದೇನೆ.

"ಅಪ್ಪಾಜಿ, ಸಿಕ್ತು" ಅಂದೆ.

"ಏನು?"

"ಮೂರು ಆಫ್‌ಸೆಟ್ ಆದ್ರೂ ಬೇಕು."

"ಮತ್ತೆ? ಎರಡರಾಗೆ ಬಾಗು ಹೆಂಗೆ ಗೊತ್ತಾಗ್ತದೆ?" ಅಂದು ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಸಂಕಟ ಆಯಿತು, ಸಂತೋಷವೂ ಆಯಿತು. ಆ ನಕ್ಷೆ ಬರೆದ ಹಾಳೆಯನ್ನು ಹರಿದು ಇಟ್ಟುಕೊಂಡಿದ್ದೇನೆ. ಅಡ್ಡಗೆರೆಗಳು ಚೈನಿಗೆ ಲಂಬವಾಗಿ ಎಷ್ಟು ನೆಟ್ಟಗೆ ಇವೆ ಅಂದರೆ, ಪೊರೆ ಬಂದ ಕಣ್ಣಲ್ಲಿ ಬರೆದದ್ದು ಅಂತ ಹೇಳಿದರೆ ಯಾರೂ ನಂಬಲಿಕ್ಕಿಲ್ಲ. ಗುರುವಾರದ ವಿಷಯ ಊಟದ ಹೊತ್ತಿಗೆ ಮತ್ತೆ ತೆಗೆದೆ. ಮುಂದಿನ ತಿಂಗಳು ನೋಡೋಣ ಅಂದರು. ನಾನು ಗಟ್ಟಿಯಾಗಿ ಮಾತಾಡಿದೆ. ಮಾತಾಡಬಾರದಿತ್ತು. ಉತ್ತರ ಕೊಡಲಿಲ್ಲ, ಎದ್ದು ಹೋಗಿ ಕೈ ತೊಳೆದುಕೊಂಡರು. ಅವರಿಗೆ ಭಯ ಇರುವುದು ಆಪರೇಷನ್ನಿನದ್ದಲ್ಲ ಅಂತ ಈಗ ಅನ್ನಿಸುತ್ತಿದೆ. ಕಣ್ಣು ಸರಿಯಾದರೆ ಹೊಲಕ್ಕೆ ಹೋಗಿ ಅಳೆಯದಿರಲು ಅವರಿಗೆ ಕಾರಣವೇ ಉಳಿಯುವುದಿಲ್ಲ.

ಅಮ್ಮನ ಫೋನು ಬಂತು, ಜೋಳ ನೆನೆಯಲಿಲ್ಲವಂತೆ.

ಗೈಡ್‌ಗೆ ರಾತ್ರಿಯೇ ಮೆಸೇಜ್ ಹಾಕಿದೆ. ಮೂಲೆ ಎಲ್ಲಿದೆ ಅಂತ ಗೊತ್ತಿರುವಾಗ ಕೈಯಲ್ಲೇ ಒಡೆದುಬಿಡಿ, ಮೂಲೆ ಕಡೆಗೆ ಒಂದೊಂದು ಪದರವನ್ನೂ ಹಿಂದಿನದರ 0.15ರಷ್ಟು ಮಾಡುತ್ತಾ ಹೋಗಿ, ಇಷ್ಟು ತಲೆಕೆಡಿಸಿಕೊಳ್ಳುವುದು ಯಾಕೆ ಅಂದರು. ಆ ಅಳತೆ ಚೆನ್ನಾಗಿ ಕೆಲಸ ಮಾಡುತ್ತೆ, ಗೊತ್ತು. ಆದರೆ ಎಲ್ ತಗಡಿನ ಮೂಲೆ ನನಗೆ ಗೊತ್ತಿರುವುದು ನಾನೇ ಕತ್ತರಿಸಿದ್ದರಿಂದ. ನಾಳೆ ಒಂದು ಸೇತುವೆಯ ಕಾಂಕ್ರೀಟಿನಲ್ಲಿ ಬಿರುಕು ಎಲ್ಲಿಗೆ ಹೋಗಿ ನಿಲ್ಲುತ್ತೆ ಅಂತ ನನಗೆ ಯಾರು ಹೇಳುತ್ತಾರೆ? ಪ್ರೋಗ್ರಾಮ್ ತಾನೇ ಕಂಡುಕೊಳ್ಳಬೇಕು. ಕಂಡುಕೊಳ್ಳದಿದ್ದರೆ ಇದನ್ನು ಬರೆದು ಏನು ಬಂತು? ಹಾಗಂತ ಅವರಿಗೆ ಬರೆಯಲಿಲ್ಲ, "ನೋಡ್ತೀನಿ ಸರ್" ಅಂತಷ್ಟೇ ಹಾಕಿದೆ.

ಈಗ ಹನ್ನೊಂದು ಮುಕ್ಕಾಲು. ಎರಡನೇ ಡಿಗ್ರಿಯಿಂದ ಶುರು ಮಾಡಿ ಓಡಿಸಿದ್ದೇನೆ, ಆರನೇ ಸುತ್ತು. ಮೂಲೆಗೆ ತಾಗಿದ ಮೂರು ಸೆಲ್‌ಗಳಲ್ಲಿ ಗುಣಾಂಕಗಳು ಇಳಿಯುತ್ತಲೇ ಇಲ್ಲ. ಮೂರೂ ಪ್ರತಿ ಸುತ್ತೂ ಒಡೆಯುತ್ತಿವೆ, ದೂರದ ದೊಡ್ಡ ಸೆಲ್‌ಗಳು ಐದನೇ ಡಿಗ್ರಿಗೆ ಏರಿವೆ. ಕಣ್ಣಿಗೆ ಹಿತವಾಗಿದೆ. ಅಪ್ಪಾಜಿ ಎದ್ದಿದ್ದರೆ ತೋರಿಸಬಹುದಿತ್ತು, ಕೋಣೆಯ ಲೈಟು ಆಗಲೇ ಆರಿದೆ.

ಆದರೆ ಮೂಲೆಗೆ ನೇರವಾಗಿ ತಾಗದ, ಒಂದು ಸೆಲ್ ಬಿಟ್ಟು ಆಚೆಗಿರುವ ಇನ್ನೊಂದು ಇದೆ. ನಾಲ್ಕನೇ ಸುತ್ತಿನಲ್ಲಿ ಅದು ಡಿಗ್ರಿ ಏರಿಸಿಕೊಂಡಿತು, ಐದರಲ್ಲಿ ಒಡೆಯಿತು, ಈಗ ಅದರ ಮಕ್ಕಳಲ್ಲಿ ಎರಡು ಮತ್ತೆ ಏರಿಸಿ ಅನ್ನುತ್ತಿವೆ. ಅಲ್ಲಿ ನೆಲ ನುಣುಪೇ, ಮೂಲೆ ಹತ್ತಿರ ಇರುವುದಕ್ಕೇ ಹೀಗಾಗುತ್ತಿದೆಯೋ, ಅಥವಾ ನುಣುಪು ಯಾವುದು, ಕೊರಕಲು ಯಾವುದು ಅಂತ ಬೇರ್ಪಡಿಸಲು ನಾನು ಇಟ್ಟ ಗಡಿಬೆಲೆಯೇ ತೀರಾ ಅಂಚಿನಲ್ಲಿ ಕೂತಿದೆಯೋ, ಏಳನೇ ಸುತ್ತಿನ ಗುಣಾಂಕಗಳನ್ನು ಒಂದೊಂದಾಗಿ ಬರೆದು ನೋಡಿದರೆ